ಐದನೆಯ ಮನೆಮದ್ದು

ನಾನು ಒಂದು ಕೀಲಿಮಣೆ. ಹುಟ್ಟಿದ್ದು ಯಾವ ದೇಶದ ಕಾರ್ಖಾನೆಯಲ್ಲೋ, ನೆನಪಿಲ್ಲ. ಕನ್ನಡ ಕಲಿತದ್ದು ಮಾತ್ರ ಗದಗಿನಲ್ಲಿ. ಈರಪ್ಪ ಬಡಿಗೇರ ಎಂಬವರ ಡಿಟಿಪಿ ಅಂಗಡಿಯಲ್ಲಿ ನನ್ನ ಮೈತುಂಬ ಅಕ್ಷರದ ಚೀಟಿ ಅಂಟಿಸಿದರು. ಅಲ್ಲಿ ಆರು ವರ್ಷ ಲಗ್ನಪತ್ರಿಕೆ ಹೊಡೆದೆ. ವರನ ಓದಿನ ವಿಷಯ ಬಿಟ್ಟರೆ ಸುಳ್ಳು ಬರೆಯುವ ಪ್ರಸಂಗವೇ ಬರಲಿಲ್ಲ.

ಅಂಗಡಿಗೆ ಹೊಸ ಕಂಪ್ಯೂಟರ್ ಬಂದ ದಿನ, ಅಲ್ಲಿ ಟೈಪಿಂಗ್ ಮಾಡುತ್ತಿದ್ದ ಪ್ರಮಿಳಾ ಪತ್ತಾರಳ ಕೈಗೆ ಈರಪ್ಪನವರು ನನ್ನನ್ನು ಕೊಟ್ಟರು. "ತಗೊಂಡ್ ಹೋಗವ್ವಾ, ಇನ್ನೂ ಗಟ್ಟಿ ಐತಿ" ಎಂದರು. ಅವಳಿಗೆ ಆಗಷ್ಟೇ ಬೆಂಗಳೂರಿನ ಒಂದು ಜಾಲತಾಣಕ್ಕೆ ಮನೆಯಿಂದಲೇ ಲೇಖನ ಬರೆಯುವ ಕೆಲಸ ಸಿಕ್ಕಿತ್ತು.

ಎಂಥೆಂಥ ಲೇಖನ ಅಂತೀರಿ! ಬೆಳಿಗ್ಗೆ ರಾಶಿಭವಿಷ್ಯ, ಆಮೇಲೆ ಅಡುಗೆ, ಊಟವಾದ ಮೇಲೆ ಯಾವುದಾದರೂ ಗುಡಿಯ ಮಹಿಮೆ, ಸಂಜೆಗೆ ಮನೆಮದ್ದು. ಆ ಜಾಲತಾಣದಲ್ಲಿ ಒಂದು ಪದ್ಧತಿ ಇತ್ತು. ಒಂದೊಂದು ಬಗೆಯ ಬರಹಕ್ಕೆ ಒಂದೊಂದು ಕಲ್ಪಿತ ಹೆಸರು. ಭವಿಷ್ಯ ಹೇಳುವವರು ಪಂಡಿತ ಗುರುಶಾಂತ ಶಾಸ್ತ್ರಿ, ಮದ್ದು ಹೇಳುವವರು ಡಾ. ವಸುಂಧರಾ. ಅಯ್ಯೋ, ಆ ಪಂಡಿತರಿಗೂ ಈ ವೈದ್ಯೆಗೂ ಸೇರಿ ಇದ್ದದ್ದು ಹತ್ತೇ ಬೆರಳು! ಅಡುಗೆಯ ಲೇಖನಕ್ಕೆ ಮಾತ್ರ ಪ್ರಮಿಳಾಳ ಸ್ವಂತ ಹೆಸರಿತ್ತು. ಮಿಕ್ಕವು ತನ್ನವೆಂದು ಹೇಳಿಕೊಳ್ಳಲು ಅವಳಿಗೆ ನಾಚಿಕೆ. ಅತ್ತೆಗೂ ಹೇಳಿರಲಿಲ್ಲ.

ಅತ್ತೆ ಎಂದರೆ ದ್ರೌಪದವ್ವ, ತಂದೆಯ ಅಕ್ಕ. ತಾಯಿ ಸತ್ತಾಗ ಎರಡು ವರ್ಷದ ಕೂಸಾಗಿದ್ದ ಪ್ರಮಿಳಾಳನ್ನು ಮಡಿಲಿಗೆ ಹಾಕಿಕೊಂಡವಳು, ಆಮೇಲೆ ತನ್ನ ಬದುಕೆಂದು ಬೇರೆ ಕಟ್ಟಿಕೊಳ್ಳಲೇ ಇಲ್ಲ. ಆಕೆಗೆ ಸಕ್ಕರೆ ಕಾಯಿಲೆ. ಕಿಟಕಿಯ ಬಳಿ ಕೂತು ಮೊಬೈಲಿನಲ್ಲಿ ಓದುವುದೇ ಹೊತ್ತು ಕಳೆಯುವ ದಾರಿ.

ಒಂದು ದಿನ ಸಂಪಾದಕ ಶ್ರೀಕಾಂತ ಫೋನ್ ಮಾಡಿದರು. "ಸಕ್ಕರೆ ಕಾಯಿಲೆಗೆ ನಾಲ್ಕೇ ಮನೆಮದ್ದು ಕೊಟ್ಟಿದ್ದೀರಲ್ಲ ಮೇಡಂ. ಐದು ಅಂತ ಹೆಡ್ಡಿಂಗ್ ಹಾಕಿ ಆಗಿದೆ. ಹನ್ನೆರಡರೊಳಗೆ ಇನ್ನೊಂದು ಸೇರಿಸಿ."

ನಾಲ್ಕನ್ನು ಅವಳು ಹಳೆಯ ಪುಸ್ತಕ ತೆರೆದಿಟ್ಟುಕೊಂಡು ಬರೆದಿದ್ದಳು. ಐದನೆಯದಕ್ಕೆ ಯಾವ ಪುಸ್ತಕವೂ ತೆರೆಯಲಿಲ್ಲ. ಸ್ವಲ್ಪ ಹೊತ್ತು ಗೋಡೆ ನೋಡಿದಳು. ಆಮೇಲೆ ನನ್ನ ಮೇಲೆ ಬೆರಳು ಓಡಿದವು: 'ಹಾಗಲಕಾಯಿ ರಸವನ್ನು ನಲವತ್ತು ದಿನ ಕುಡಿಯಿರಿ, ಮಾತ್ರೆಗಳ ಹಂಗೇ ಇರುವುದಿಲ್ಲ.' ನನಗೆ ಆಗಲೇ ಸಂಕಟವಾಯಿತು. ಆದರೆ ಒತ್ತಿದ ಅಕ್ಷರವನ್ನು ಒಲ್ಲೆ ಎನ್ನಲು ನನಗೆ ಬರುವುದಿಲ್ಲವಲ್ಲ.

ಆ ಲೇಖನವನ್ನು ನಲವತ್ತು ಸಾವಿರ ಜನ ಓದಿದರು. ಶ್ರೀಕಾಂತ ಹೊಗಳಿದ್ದೇ ಹೊಗಳಿದ್ದು. ಮನೆಯಲ್ಲಿ ಅತ್ತೆ ದಿನಾ ಹಾಗಲಕಾಯಿ ಅರೆಯುತ್ತಿದ್ದಳು. ಮೈಗೆ ಒಳ್ಳೆಯದೇ ಎಂದುಕೊಂಡು ಪ್ರಮಿಳಾ ಸುಮ್ಮನಿದ್ದಳು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆಯ ಕಾಲ್ಬೆರಳು ಕಪ್ಪಾಗಿದ್ದು ಕಂಡಿತು.

"ಅತ್ತಿ, ಗುಳಿಗಿ ತಗೋಳಾಕತ್ತಿ ಹೌದಿಲ್ಲೋ?"

"ಬಿಟ್ಟು ತಿಂಗಳಾತು. ಡಾಕ್ಟರ್ ವಸುಂಧರಾ ಬರ್ದಾರಲ್ಲ, ಓದಿಲ್ಲೇನ?"

"ಅದನ್ನೆಲ್ಲ ನಂಬಬ್ಯಾಡತ್ತಿ!"

"ನಿನಗೇನ್ ತಿಳೀತೈತಿ? ನೀ ಚಕ್ಕಲಿ ಬಗ್ಗೆ ಬರಿಯಾಕಿ. ಆಕಿ ಡಾಕ್ಟರ್ ಅದಾಳ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಆ ಗಿಡವೇ ಊರ ಮಂದಿಗೆಲ್ಲ ಮದ್ದು ಹಂಚಿತ್ತೆಂದು ಆ ಮುದುಕಿಗೆ ಹೇಗೆ ತಿಳಿಯಬೇಕು? ಪ್ರಮಿಳಾ ಅದನ್ನು ಹೇಳದೆ ಆಟೋ ಕರೆಯಲು ಓಡಿದಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಮನೆಗೆ ಮರಳಿದ ಕೂಡಲೇ ಪ್ರಮಿಳಾ ಶ್ರೀಕಾಂತರಿಗೆ ಫೋನ್ ಮಾಡಿ ಲೇಖನ ತೆಗೆಯಿರೆಂದು ಬೇಡಿದಳು. "ಜನ ಈಗಲೂ ಅದನ್ನೇ ಓದ್ತಿದ್ದಾರೆ ಮೇಡಂ. ವೈದ್ಯರನ್ನ ಕೇಳಿ ಅಂತ ಕೆಳಗೊಂದು ಸಾಲು ಹಾಕೋಣ ಬಿಡಿ" ಎಂದರು ಅವರು.

ಅವಳು ನನ್ನ ಮುಂದೆ ಕೂತಳು. ಹೀಗೆ ಬರೆದಳು: 'ಡಾ. ವಸುಂಧರಾ ಎಂಬ ವೈದ್ಯೆ ಇಲ್ಲ. ಆ ಐದನೆಯ ಮದ್ದನ್ನು ನಾನೇ ಹುಟ್ಟಿಸಿ ಬರೆದೆ. ದಯವಿಟ್ಟು ಮಾತ್ರೆ ಬಿಡಬೇಡಿ. ಪ್ರಮಿಳಾ ಪತ್ತಾರ.' ತಾನೇ ನೇರವಾಗಿ ಹಾಕಬಹುದಾಗಿದ್ದ ಅಡುಗೆಯ ಅಂಕಣದಲ್ಲಿ ಪ್ರಕಟಿಸುವ ಮುಂಚೆ ಅದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದಳು. ಓದುತ್ತ ಓದುತ್ತ ಅತ್ತಳು.

ದ್ರೌಪದವ್ವ ಕೈಯಲ್ಲಿದ್ದ ಮೊಬೈಲನ್ನು ಬದಿಗಿಟ್ಟಳು. ಆಮೇಲೆ, "ಅತ್ತಿದ್ದು ಸಾಕು. ಮೊದಲ ಅದನ್ನ ಹಾಕು. ಇನ್ನಾ ಯಾರ್ಯಾರು ಕುಡಿಯಾಕತ್ತಾರೋ" ಎಂದಳು.

ಅರ್ಧ ದಿನ ಅದು ಜಾಲತಾಣದಲ್ಲಿ ಉಳಿಯಿತು. ಅಷ್ಟರಲ್ಲಿ ಶ್ರೀಕಾಂತ ಆ ಮದ್ದಿನ ಲೇಖನ, ಈ ತಪ್ಪೊಪ್ಪಿಗೆ ಎರಡನ್ನೂ ಅಳಿಸಿ, ಪ್ರಮಿಳಾಳನ್ನು ಕೆಲಸದಿಂದ ತೆಗೆದರು. ಆ ಅರ್ಧ ದಿನದಲ್ಲಿ ಬಂದದ್ದು ಒಂದೇ ಉತ್ತರ: 'ನಮ್ಮ ತಂದೆಯೂ ಬಿಟ್ಟಿದ್ದರು. ಇವತ್ತು ಮತ್ತೆ ಶುರು ಮಾಡಿಸಿದೆವು.'

"ಒಬ್ಬರ ಏನ?" ಎಂದು ಅತ್ತೆ ಕೇಳಿದಳು.

"ಒಬ್ಬರ, ಅತ್ತಿ."

ಈಗ ನಾನು ಅಟ್ಟದ ಮೇಲೆ ಹಳೆಯ ಚಾದರದಲ್ಲಿ ಸುತ್ತಿಕೊಂಡು ಬಿದ್ದಿದ್ದೇನೆ. ಅಕ್ಷರಗಳೆಲ್ಲ ಸವೆದಿವೆ. ಬೇರೆ ಲೇಖನಗಳು ಒಂದೂ ನೆನಪಿಗೆ ಬರುವುದಿಲ್ಲ. ಆ ನಲವತ್ತು ಸಾವಿರ ಜನರಲ್ಲಿ ಒಬ್ಬರು ತಿಳಿಸಿದರು. ಉಳಿದವರ ಮನೆಯಲ್ಲಿ ಏನಾಯಿತೋ ನಮಗೆ ಗೊತ್ತಿಲ್ಲ.