ಚೆಂಡು ಇಲ್ಲದ ಕಡೆ

ಫುಟ್‌ಬಾಲ್ ತಂಡ ನಡೆಸುವುದಕ್ಕಿಂತ ಸುಲಭದ ಕೆಲಸ ಭೂಮಿಯ ಮೇಲೆ ಇನ್ನೊಂದಿಲ್ಲ ಎಂಬುದು ಸದಾನಂದ ಶೆಟ್ಟರ ಖಚಿತ ಅಭಿಪ್ರಾಯವಾಗಿತ್ತು. ಇಷ್ಟು ಸುಲಭದ ಕೆಲಸವನ್ನು ಹುಡುಕಿ ಹುಡುಕಿ ಬಾರದವರಿಗೇ ಕೊಡುತ್ತಾರಲ್ಲ ಎಂಬುದೊಂದೇ ಅವರ ಸಂಕಟ. ಅವರು ಇಪ್ಪತ್ತೆರಡು ವರ್ಷದಿಂದ ಬೆಂಬಲಿಸುವ ಲಂಡನ್ನಿನ ಕ್ಲಬ್ಬಿನ ಹೆಸರು ಇಲ್ಲಿ ಬೇಡ. ಹೇಳಿದರೆ ಓದುವವರಲ್ಲಿ ಅರ್ಧ ಜನ ಈಗಲೇ ಮುನಿಸಿಕೊಳ್ಳುತ್ತಾರೆ. ಆ ಕ್ಲಬ್ಬಿಗೆ ಬಂದುಹೋದ ಒಂಬತ್ತು ಕೋಚ್‌ಗಳಲ್ಲಿ ಒಬ್ಬನಿಗೂ ಆಟ ತಿಳಿದಿರಲಿಲ್ಲ ಎಂಬುದನ್ನಷ್ಟೇ ಶೆಟ್ಟರ ಪರವಾಗಿ ದಾಖಲಿಸಬಹುದು.

ಲಂಡನ್ನಿನ ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟ್ ನಾರ್ತ್‌ನಲ್ಲಿ, ಎರಡು ಸೀರೆ ಅಂಗಡಿಗಳ ನಡುವೆ, ಶೆಟ್ಟರ ಹೋಟೆಲು. ಗಲ್ಲಾದ ಎದುರಿನ ಗೋಡೆಗೆ ಟಿವಿ. ಶನಿವಾರ ಸಂಜೆ ಐದೂವರೆಯ ಆಟ ಯಾರದೇ ಇರಲಿ, ಶೆಟ್ಟರು ಒಂದು ಕಣ್ಣು ಬಿಲ್ಲಿನ ಮೇಲೆ, ಇನ್ನೊಂದು ಕಣ್ಣು ಚೆಂಡಿನ ಮೇಲೆ ಇಟ್ಟು ನೋಡುತ್ತಾರೆ. ಮುಗಿದ ಮೇಲೆ ‘ಚೆಂಡಿನ ಚಾವಡಿ’ ಎಂಬ ವಾಟ್ಸ್ಆ್ಯಪ್ ಗುಂಪಿಗೆ ಆರು ನಿಮಿಷದ ಧ್ವನಿ ಸಂದೇಶ. ಪಿನ್ನರ್‌ನಿಂದ ಬಾರ್ಕಿಂಗ್‌ವರೆಗೆ ಹರಡಿಕೊಂಡಿರುವ ನೂರಾ ನಲವತ್ತು ಕನ್ನಡಿಗರು ಅದನ್ನು ಟ್ಯೂಬ್ ರೈಲಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಾರೆ.

ಇದೇ ಶೆಟ್ಟರು ಅಡುಗೆಮನೆಗೆ ಹೋದರೆ ಬೇರೆಯೇ ಮನುಷ್ಯ. ಹೊಸ ಅಡುಗೆಯವನನ್ನು ಸೇರಿಸಿಕೊಳ್ಳುವ ಮುಂಚೆ ಒಂದಿಡೀ ಶನಿವಾರ ಕಾವಲಿಯ ಮುಂದೆ ನಿಲ್ಲಿಸಿ ಸುಮ್ಮನೆ ನೋಡುತ್ತಾರೆ. ದೋಸೆಯನ್ನು ಗಾಳಿಗೆ ಹಾರಿಸಿ ಹಿಡಿಯುವವನಿಗೆ ಕಾಫಿ ಕೊಟ್ಟು ಕಳಿಸಿಬಿಡುತ್ತಾರೆ. ಜನ ಮುಗಿಬಿದ್ದ ಹೊತ್ತಿನಲ್ಲೂ ಕೈಬಟ್ಟೆ ಚೊಕ್ಕವಾಗಿಟ್ಟುಕೊಂಡವನು, ಹಿಟ್ಟು ಮುಗಿಯುವ ಮೊದಲೇ ಇನ್ನೊಂದು ಪಾತ್ರೆಯನ್ನು ಪಕ್ಕಕ್ಕೆ ಎಳೆದಿಟ್ಟುಕೊಂಡವನು ಅವರಿಗೆ ಬೇಕು. ಈ ವಿಷಯದಲ್ಲಿ ಅವರು ಎಡವಿದ್ದನ್ನು ಯಾರೂ ಕಂಡಿಲ್ಲ.

ಅವರ ಮಗಳು ನವ್ಯಾಳಿಗೆ ಇಪ್ಪತ್ತೇಳು. ಕೌನ್ಸಿಲ್ ಕಚೇರಿಯಲ್ಲಿ ಕೆಲಸ, ಬಾರ್ಕಿಂಗ್‌ನಲ್ಲಿ ಬಾಡಿಗೆಯ ಫ್ಲಾಟ್. ಏಳು ವರ್ಷದವಳಿದ್ದಾಗಿನಿಂದ ಶನಿವಾರದ ಆಟವನ್ನು ಅಪ್ಪನ ಪಕ್ಕ ಕೂತೇ ನೋಡಿದವಳು. ಆಗ ಮಗುಚಿಟ್ಟ ಎಣ್ಣೆ ಡಬ್ಬ, ಈಗ ಗಲ್ಲಾದ ಪಕ್ಕದ ಕೆಂಪು ಕುರ್ಚಿ. ಗಿರಾಕಿಗಳು ಎಷ್ಟೇ ಇದ್ದರೂ ಆ ಕುರ್ಚಿಯನ್ನು ಶೆಟ್ಟರು ಯಾರಿಗೂ ಬಿಟ್ಟುಕೊಡುವುದಿಲ್ಲ. ನವ್ಯಾ ಮಂಗಳವಾರ ಸಂಜೆ ತಾನೂ ಒಂದು ತಂಡದಲ್ಲಿ ಡಿಫೆಂಡರ್ ಆಗಿ ಆಡುತ್ತಾಳೆ. ಶೆಟ್ಟರು ನಾಲ್ಕು ಸಲ ಹೋಗಿ ನೋಡಿದ್ದಾರೆ. ನಾಲ್ಕೂ ಸಲ ಅವಳ ಹತ್ತಿರ ಚೆಂಡು ಬಂದಿದ್ದೇ ಕಡಿಮೆ. ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ, ಯಾರಿಗೋ ಕೈ ತೋರಿಸುವುದು, ಅಷ್ಟೇ. ಪಾಪ, ವ್ಯಾಯಾಮ ಆಗುತ್ತದೆ ಎಂದುಕೊಂಡು ಅವರು ಮನೆಗೆ ಬಂದಿದ್ದರು.

ಕನ್ನಡ ಸಂಘ ಪ್ರತಿ ವರ್ಷ ರಾಜ್ಯೋತ್ಸವದ ಹೊತ್ತಿಗೆ ಆರಾರು ಜನರ ಫುಟ್‌ಬಾಲ್ ಪಂದ್ಯ ನಡೆಸುತ್ತದೆ. ಗಂಡಸರು ಹೆಂಗಸರು ಬೆರೆತ ನಾಲ್ಕು ತಂಡಗಳು, ತಂಡಕ್ಕೊಬ್ಬ ಬದಲಿ ಆಟಗಾರ. ಆಡುವವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಬೋರ್ಡಿಗೆ ಅಂಟಿಸುತ್ತಾರೆ. ನಾಲ್ವರು ಕೋಚ್‌ಗಳು ಸರದಿಯ ಪ್ರಕಾರ ಒಂದೊಂದೇ ಚೀಟಿ ಕಿತ್ತುಕೊಳ್ಳಬೇಕು. ಈ ವರ್ಷ ಸಂಘದ ಅಧ್ಯಕ್ಷೆ ಶ್ರೀಲತಾ, ಮೈಸೂರಿನವರು, ಮಾತು ಮೆತ್ತಗೆ, ಹೋಟೆಲಿಗೇ ಬಂದು ಮಸಾಲೆದೋಸೆ ಮುಗಿಸಿ ಕೈ ತೊಳೆದುಕೊಂಡು ಹೇಳಿದರು. “ಶೆಟ್ರೇ, ಹನ್ನೆರಡು ವರ್ಷದಿಂದ ಕೋಚುಗಳಿಗೆಲ್ಲ ಬುದ್ಧಿ ಹೇಳ್ತಾ ಇದ್ದೀರಿ. ಈ ಸಲ ಒಂದು ತಂಡ ನೀವೇ ತಗೊಳ್ಳಿ.”

ಶೆಟ್ಟರು ಬೇಡ ಬೇಡ ಎನ್ನುತ್ತಲೇ ಒಪ್ಪಿಕೊಂಡರು.

ನವ್ಯಾಳಿಗೆ ಸುದ್ದಿ ತಿಳಿದಾಗ ಅವಳು ಕೇಳಿದ್ದು ಒಂದೇ ಮಾತು. “ಅಪ್ಪಯ್ಯ, ಹಾಗಾದ್ರೆ ನಾನು ನಿಮ್ಮ ಟೀಮ್, ಅಲ್ವಾ?”

“ಕಾಂಬ ಮಗಾ,” ಎಂದರು ಶೆಟ್ಟರು. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತವಳಿಗೆ ಆ ‘ಕಾಂಬ’ದ, ಅಂದರೆ ‘ನೋಡೋಣ’ದ, ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಅವಳು ಆಯ್ಕೆಯ ದಿನ ಹೋಟೆಲಿನ ಮಹಡಿಗೆ ಎಲ್ಲರಿಗಿಂತ ಮುಂಚೆ ಬಂದು ಕೂತಳು.

ಶೆಟ್ಟರು ಮೊದಲ ಸರದಿಯಲ್ಲೇ ಸುಮಿತ್‌ನ ಚೀಟಿ ಕಿತ್ತರು. ಎಜ್‌ವೇರ್‌ನ ಈ ಯುವಕ ಬೆನ್ನು ಹಿಂದಾಗಿ ಹಾರಿ ಗೋಲು ಹೊಡೆಯುವ ನಲವತ್ತು ಸೆಕೆಂಡಿನ ವಿಡಿಯೋವನ್ನು ಅವರು ಒಂದು ವಾರದಿಂದ ದಿನಕ್ಕೆ ಹತ್ತು ಸಲ ನೋಡಿದ್ದರು. ಆ ವಿಡಿಯೋ ತೆಗೆಯಲು ಎಷ್ಟು ಭಾನುವಾರ ಹಿಡಿಯಿತು ಎಂದು ಕೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಎರಡನೆಯದಾಗಿ ಸಂದೀಪ್, ಯಾಕೆಂದರೆ ಆರಡಿ ಎತ್ತರ, ಮೇಲಾಗಿ ತಮ್ಮದೇ ಊರು ಕುಂದಾಪುರದವನು. ಮೂರನೆಯ ಸರದಿ ಬಂದಾಗ ನವ್ಯಾಳ ಚೀಟಿ ಬೋರ್ಡಿನ ನಟ್ಟನಡುವೆ ಇನ್ನೂ ಇತ್ತು. ಶೆಟ್ಟರು ಅದನ್ನು ನೋಡಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಚಾವಡಿಯ ಗೆಳೆಯರನ್ನೂ ನೋಡಿದರು. ಮಗಳನ್ನು ತೆಗೆದುಕೊಂಡರೆ ಒಂದು ವರ್ಷ ಆಡಿಕೊಳ್ಳುತ್ತಾರೆ. ಕೈ ಚಾಚಿ ಅಭಿಜಿತ್ ಎಂಬುವವನ ಚೀಟಿ ಕಿತ್ತರು. ಅವನ ಬೂಟು ಚೆನ್ನಾಗಿತ್ತು.

ಮುಂದಿನ ಸರದಿ ಪಿನ್ನರ್‌ನ ವಿನಾಯಕರದು. ಬೆಂಗಳೂರಿನಿಂದ ಬಂದ ಐಟಿ ಮನುಷ್ಯ, ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದವರಲ್ಲ. ಅವರು ಶೆಟ್ಟರು ಮರಳಿ ಕೂರುವುದಕ್ಕೂ ಕಾಯದೆ ನವ್ಯಾಳ ಚೀಟಿ ತೆಗೆದುಕೊಂಡರು. ನವ್ಯಾ ಎದ್ದು ಅಪ್ಪನ ಕುರ್ಚಿಯ ಮುಂದಿನಿಂದಲೇ ಹಾದು ಆ ಕಡೆ ಹೋಗಿ ಕೂತಳು.

ಆಮೇಲೆ ಗೋಳಿಬಜೆ ತಿನ್ನುವಾಗ ಶೆಟ್ಟರು ವಿನಾಯಕರ ತೋಳು ಹಿಡಿದು ಮೆಲ್ಲಗೆ, “ನನ್ನ ಮುಖ ನೋಡಿ ತಗೊಂಡ್ರಿ. ಉಪಕಾರ ಆಯ್ತು,” ಎಂದರು.

“ಹಾಗೇನಿಲ್ಲ ಸರ್. ನಾನು ಆಡೋರಿಗೆಲ್ಲ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳ್ದೆ, ಯಾರ ಎದುರು ಆಡೋಕೆ ನಿಮಗೆ ಬೇಜಾರು ಅಂತ. ಜಾಸ್ತಿ ಜನ ನವ್ಯಾ ಹೆಸರು ಹೇಳಿದ್ರು.”

ಬೆಂಗಳೂರಿನವರ ಸೌಜನ್ಯವೇ ಸೌಜನ್ಯ ಎಂದುಕೊಂಡರು ಶೆಟ್ಟರು.

ಮೆಟ್ಟಿಲ ಕೆಳಗೆ ನವ್ಯಾ ಕೋಟು ಹಾಕಿಕೊಳ್ಳುತ್ತಿದ್ದಳು. “ಇಟ್ಸ್ ಫೈನ್, ಅಪ್ಪಯ್ಯ. ಒಂದು ಹೇಳಿ. ಜನ ಮಾತಾಡ್ತಾರೆ ಅಂತ ಬಿಟ್ರಾ, ನಾನು ಚೆನ್ನಾಗಿ ಆಡಲ್ಲ ಅಂತ ಬಿಟ್ರಾ?”

“ಜನ, ಮಗಾ. ಜನರ ಬಾಯಿ ನಿಂಗೆ ಗೊತ್ತಿತ್ತಲ್ಲ.”

“ಓಕೆ,” ಎಂದು ಅವಳು ಹೋದಳು. ಶೆಟ್ಟರು ಹೇಳಿದ್ದರಲ್ಲಿ ಅರ್ಧ ಸುಳ್ಳಿತ್ತು. ಆ ಅರ್ಧ ಅವರಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಆ ಶನಿವಾರ ಅವಳು ಹೋಟೆಲಿಗೆ ಬರಲಿಲ್ಲ. ಪ್ರಾಕ್ಟೀಸ್ ಇದೆ ಎಂದು ಸಂದೇಶ ಬಂತು. ಮುಂದಿನ ಶನಿವಾರ ಸಂದೇಶವೂ ಇಲ್ಲ. ಕೆಂಪು ಕುರ್ಚಿ ಖಾಲಿ ಇದೆಯೆಂದು ಗಿರಾಕಿಯೊಬ್ಬ ಎಳೆದುಕೊಳ್ಳಲು ಹೋಗಿ ಶೆಟ್ಟರಿಂದ ಗದರಿಸಿಕೊಂಡ. ಟಿವಿಯಲ್ಲಿ ಐದು ಗೋಲು ಆದವು. ಒಂದರ ಬಗ್ಗೆಯೂ ಮಾತಾಡಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಶೆಟ್ಟರು ತಮ್ಮ ಇಡ್ಲಿಯ ತಟ್ಟೆಯನ್ನು ಅರ್ಧಕ್ಕೇ ದೂರ ತಳ್ಳಿದರು. ಸಾಂಬಾರಿನ ಖಾರ ಎಂದು ಅಡುಗೆಯವನ ಮೇಲೆ ಹಾಕಿದರು.

“ಹ್ವಾಯ್, ಖಾರ ಸಮ ಇತ್ತ್,” ಎಂದಳು ಹೆಂಡತಿ ಶರ್ಮಿಳಾ, ಚಟ್ನಿ ರುಬ್ಬಿಸುತ್ತ. “ಅವಳನ್ನ ಬಿಟ್ಟದ್ದ್ ತಪ್ಪು. ಅವಳು ಲಾಯ್ಕ್ ಆಡ್ತಾಳೆ.”

“ನಿಂಗೆಂತ ಗೊತ್ತು ಫುಟ್‌ಬಾಲು?”

“ಎಂತದೂ ಗೊತ್ತಿಲ್ಲ. ಚೆಂಡು ಎಲ್ಲಿ ಹೋತ್ತ್ ಅಂತ ನಾ ಕಾಂಬುದೇ ಇಲ್ಲ. ಮಗಳನ್ನೇ ಕಾಂತೆ. ಅವಳ ಎದುರು ಬಂದವರೆಲ್ಲ ವಾಪಸ್ ಹೋತ್ರ್, ಅಷ್ಟ್ ಕಂಡಿದೆ.”

ತಾಯಿ ಕರುಳು ಎಂದು ಶೆಟ್ಟರು ಅದನ್ನೂ ತಳ್ಳಿಹಾಕಿದರು.

ಪಂದ್ಯದ ಭಾನುವಾರ ಬಾರ್ಕಿಂಗ್‌ನ ಮೈದಾನದಲ್ಲಿ ಥಂಡಿ ಗಾಳಿ. ಬೆಳಗಿನ ಪಂದ್ಯದಲ್ಲಿ ಸುಮಿತ್ ಎರಡು ಗೋಲು ಹೊಡೆದ. ಶೆಟ್ಟರ ತಂಡ ಫೈನಲ್ ತಲುಪಿತು. ಚಾವಡಿಯ ಗೆಳೆಯರು ಗೆರೆಯ ಆಚೆ ಗುಂಪುಕಟ್ಟಿ ನಿಂತು ಶೆಟ್ಟರಿಗೆ ಜೈಕಾರ ಹಾಕಿದರು. ಇಂಥವರನ್ನು ಬಿಟ್ಟು ಕ್ಲಬ್ಬಿನವರು ಯಾರಾರನ್ನೋ ಕರೆಸಿಕೊಳ್ಳುತ್ತಾರೆ ಎಂದು ಒಬ್ಬ ಅಂದದ್ದು ಶೆಟ್ಟರ ಕಿವಿಗೆ ಇಂಪಾಗಿ ಬಿತ್ತು.

ಫೈನಲ್ಲಿನ ಎದುರಾಳಿ ವಿನಾಯಕರ ತಂಡ. ಮೊದಲರ್ಧ ಹದಿನೈದು ನಿಮಿಷ, ಎರಡೂ ಕಡೆ ಗೋಲಿಲ್ಲ. ಸುಮಿತ್‌ನ ಕಾಲಿಗೆ ಚೆಂಡು ಸಿಕ್ಕಿದ್ದೇ ನಾಲ್ಕು ಸಲ. ನಾಲ್ಕೂ ಸಲ ಅದು ಹೇಗೋ ಹೊರಗೆ ಹೋಯಿತು. “ಸುಮಿತ್‌ಗೆ ಕೊಡ್ರೋ,” ಎಂದು ಚಾವಡಿ ಬೊಬ್ಬೆ ಹೊಡೆಯಿತು. ಶೆಟ್ಟರೂ ಅದನ್ನೇ ಕೂಗಿದರು.

ವಿರಾಮದಲ್ಲಿ ಸುಮಿತ್ ನೀರಿನ ಬಾಟಲಿ ಹಿಡಿದು ಅವರ ಹತ್ತಿರ ಬಂದ. “ಅಂಕಲ್, ನನ್ನ ತೆಗೆದುಬಿಡಿ. ಅವಳ ಎದುರು ನನ್ ಕೈಲಾಗ್ತಿಲ್ಲ.”

“ಯಾರ ಎದುರು?”

“ನವ್ಯಾ. ನಾನು ಎಲ್ಲಿಗೆ ಓಡಬೇಕು ಅಂತ ಅಂದ್ಕೊಳ್ಳೋ ಮೊದಲೇ ಅವಳು ಅಲ್ಲಿ ನಿಂತಿರ್ತಾಳೆ.” ದನಿ ಇನ್ನೂ ತಗ್ಗಿಸಿದ. “ಆದ್ರೆ ಈ ಮಾತು ಹೊರಗೆ ಹೋಗೋದು ಬೇಡ ಅಂಕಲ್. ನನ್ನ ಎಂಗೇಜ್‌ಮೆಂಟ್ ಆಗಿದೆಯಲ್ಲ, ಅವರ ಮನೆಯವರು ಅಲ್ಲಿ ನಿಂತಿದ್ದಾರೆ. ಕಾಲುನೋವು ಅಂತಾನೂ ಹೇಳಬೇಡಿ, ಅವರಮ್ಮ ಜಾಸ್ತಿ ಯೋಚನೆ ಮಾಡ್ತಾರೆ.”

ಗೆರೆಯ ಆಚೆ ಕ್ರೀಮ್ ಬಣ್ಣದ ಶಾಲು ಹೊದ್ದ ಹೆಂಗಸೊಬ್ಬರು ಭಾವಿ ಅಳಿಯನಿಗೆ ಕೈ ಬೀಸುತ್ತಿದ್ದರು. ಶೆಟ್ಟರು ತಲೆಯಾಡಿಸಿದರು. ಸುಮಿತ್‌ನ ಬದಲು ಕೊನೆಯ ಚೀಟಿಯಾಗಿ ಉಳಿದು ತಮ್ಮ ಪಾಲಿಗೆ ಬಂದಿದ್ದ ಕಶ್ಯಪ್ ಎಂಬ ಲೆಕ್ಕಪತ್ರದ ಮನುಷ್ಯನನ್ನು ಇಳಿಸಿದರು.

ಚಾವಡಿಗೆ ಬೆಂಕಿ ಬಿತ್ತು. ಎರಡು ಗೋಲು ಹೊಡೆದವನನ್ನು ಫೈನಲ್ಲಿನಲ್ಲಿ ಕೂರಿಸುವುದೆಂದರೇನು, ಈ ಶೆಟ್ಟರಿಗೆ ಆಟ ಗೊತ್ತಿದೆಯೇ, ಹೋಟೆಲಿನಲ್ಲಿ ಕಾಫಿ ಮಾಡಿಕೊಂಡಿರಲಿ. ಒಬ್ಬ ಆಗಲೇ ಫೋನು ಬಾಯಿಯ ಹತ್ತಿರ ಹಿಡಿದು ಧ್ವನಿ ಸಂದೇಶ ಶುರು ಮಾಡಿದ್ದ. ಬಯ್ಗುಳದ ಒಂದೊಂದು ಶಬ್ದವೂ ಶೆಟ್ಟರಿಗೆ ಪರಿಚಯದ್ದು. ಅವರದೇ ಶನಿವಾರಗಳಿಂದ ಎತ್ತಿಕೊಂಡದ್ದು. ಕಾರಣ ಬಾಯಿಯ ತುದಿಯಲ್ಲಿತ್ತು, ಹೇಳುವಂತಿರಲಿಲ್ಲ. ಆ ಒಂಬತ್ತು ಕೋಚ್‌ಗಳ ಬಾಯಲ್ಲೂ ಇಂಥವು ಎಷ್ಟು ಉಳಿದಿದ್ದವೋ ಎಂದು ಮೊದಲ ಬಾರಿಗೆ ಅನ್ನಿಸಿ ಅವರಿಗೆ ಮುಜುಗರವಾಯಿತು.

ಎರಡನೆಯ ಅರ್ಧ ಶುರುವಾಯಿತು. ಶೆಟ್ಟರು ಚೆಂಡನ್ನು ಬಿಟ್ಟು ಮಗಳನ್ನು ನೋಡತೊಡಗಿದರು.

ಅವಳು ನಾಲ್ಕು ಹೆಜ್ಜೆ ಎಡಕ್ಕೆ ನಡೆದಳು, ಅಷ್ಟೇ. ಆ ಕಡೆ ಚೆಂಡು ತಳ್ಳಬೇಕೆಂದಿದ್ದ ಸಂದೀಪ್ ಅನುಮಾನಿಸಿ ಹಿಂದಕ್ಕೆ ಕೊಟ್ಟ. ಅವಳು ಕೈ ತೋರಿಸಿದಳು. ಅವಳ ತಂಡದವನೊಬ್ಬ ಎರಡು ಗಜ ಸರಿದ. ಅಭಿಜಿತ್ ಓಡಬೇಕಿದ್ದ ದಾರಿ ಮುಚ್ಚಿಹೋಯಿತು. ಒಮ್ಮೆ ತಲೆ ತಿರುಗಿಸಿ ಬೆನ್ನ ಹಿಂದೆ ನೋಡಿದಳು. ಚೆಂಡು ಅಲ್ಲಿಗೆ ಬಂದದ್ದು ಆಮೇಲೆ. ಹಿಟ್ಟು ಮುಗಿಯುವ ಮೊದಲೇ ಪಾತ್ರೆ ಎಳೆದಿಟ್ಟುಕೊಳ್ಳುವವರನ್ನು ಶೆಟ್ಟರು ಮೂವತ್ತು ವರ್ಷದಿಂದ ಹುಡುಕಿ ಹುಡುಕಿ ಕೆಲಸಕ್ಕಿಟ್ಟಿದ್ದರು. ಅಂಥವಳೊಬ್ಬಳು ಇಪ್ಪತ್ತು ವರ್ಷ ತಮ್ಮ ಮಗ್ಗುಲಲ್ಲೇ ಕೂತಿದ್ದಳು. ಅವರ ಕಣ್ಣು ತುಂಬಿ ಬಂತು. ಗಾಳಿಯಿಂದ ಎಂದು ಹೇಳಬಹುದಿತ್ತು, ಆದರೆ ಗಾಳಿಯಿಂದ ಅಲ್ಲ.

ಇದ್ದಕ್ಕಿದ್ದಂತೆ ಮೈದಾನವೆಲ್ಲ ಕೂಗಿತು. ವಿನಾಯಕರ ಕಡೆಯವರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಶೆಟ್ಟರು ಗಾಬರಿಯಾಗಿ ಪಕ್ಕದಲ್ಲಿದ್ದ ಸುಮಿತ್‌ನನ್ನು ಕೇಳಿದರು. “ಎಂತ ಆಯ್ತು?”

“ಗೋಲ್ ಅಂಕಲ್, ಲಾಸ್ಟ್ ಮಿನಿಟಲ್ಲಿ. ನಾವು ಸೋತ್ವಿ. ನೀವು ನೋಡ್ಲಿಲ್ವಾ?”

ಸೋತ ಕೋಚು ಗೋಲನ್ನೇ ನೋಡಲಿಲ್ಲವೆಂಬ ಸುದ್ದಿ ಬಹುಮಾನ ವಿತರಣೆಗೆ ಮುಂಚೆಯೇ ನೂರಾ ನಲವತ್ತು ಫೋನುಗಳನ್ನು ತಲುಪಿತು. ವಿವರಣೆ ಬೇಕೆಂದು ಚಾವಡಿ ಪಟ್ಟುಹಿಡಿಯಿತು. ಶೆಟ್ಟರು ತಮ್ಮ ಜೀವಮಾನದ ಅತ್ಯಂತ ಚಿಕ್ಕ ಧ್ವನಿ ಸಂದೇಶ ಕಳಿಸಿದರು. “ಆಯ್ಕೆಯಲ್ಲಿ ತಪ್ಪಿದ್ದು ನಾನೇ. ಹುಡುಗರದ್ದೇನೂ ತಪ್ಪಿಲ್ಲ.”

ನವ್ಯಾ ಬೂಟಿನ ದಾರ ಬಿಚ್ಚುತ್ತ ಬೆಂಚಿನ ಮೇಲೆ ಕೂತಿದ್ದಳು. ಶೆಟ್ಟರು ಹೋಗಿ ಪಕ್ಕದಲ್ಲಿ ಕೂತರು.

“ಮಗಾ, ಅವತ್ತು ನೀ ಕೇಳಿದ್ದಕ್ಕೆ ನಾ ಸುಳ್ಳು ಹೇಳಿದ್ದು. ಜನರಿಗೆ ಹೆದರಿದ್ದು ಹೌದು. ಆದ್ರೆ ನಿಂಗೆ ಆಡುಕೆ ಬತ್ತಿಲ್ಲ ಅಂತ್ಲೂ ತಿಳ್ಕಂಡಿದ್ದೆ.”

“ಗೊತ್ತಿತ್ತು, ಅಪ್ಪಯ್ಯ.” ಅವಳು ಇನ್ನೊಂದು ಬೂಟಿಗೆ ಕೈಹಾಕಿದಳು. “ಗೋಲ್ ಹೇಗಾಯ್ತು, ಅದನ್ನ ಹೇಳಿ ನೋಡೋಣ. ಯೂಶುವಲಿ ಆರು ನಿಮಿಷ ಹೇಳ್ತೀರಲ್ಲ.”

“ನಂಗೆ ಕಂಡಿದ್ದಿಲ್ಲ.”

“ಮತ್ತೆ ಅಷ್ಟು ಹೊತ್ತು ಏನು ನೋಡ್ತಿದ್ರಿ?”

“ನಿನ್ನ,” ಎಂದರು ಶೆಟ್ಟರು.

ಅವಳು ದಾರ ಬಿಚ್ಚುವುದನ್ನು ನಿಲ್ಲಿಸಿದಳು. ಆಮೇಲೆ ಉಳಿದ ದಾರವನ್ನೂ ಎಳೆದು ಬಿಚ್ಚಿದಳು. ಬಿಚ್ಚಿದ ಬೂಟುಗಳನ್ನು ಅಪ್ಪನ ಕೈಗೆ ಕೊಟ್ಟು ಚಪ್ಪಲಿ ಹುಡುಕಲು ಹೋದಳು. ಬಸ್ ಸ್ಟಾಪಿನವರೆಗೆ ಶೆಟ್ಟರು ಆ ಕೆಸರಿನ ಬೂಟುಗಳನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಬಂದರು.

ಮುಂದಿನ ಶನಿವಾರ ಸಂಜೆ ಐದೂ ಇಪ್ಪತ್ತಕ್ಕೆ ನವ್ಯಾ ಹೋಟೆಲಿನ ಬಾಗಿಲು ತಳ್ಳಿಕೊಂಡು ಬಂದು ಕೆಂಪು ಕುರ್ಚಿಯಲ್ಲಿ ಕೂತಳು. “ಚೆಂಡು ಬಿಡಿ ಅಪ್ಪಯ್ಯ. ಆ ಐದನೇ ನಂಬರಿನವನನ್ನ ನೋಡಿ,” ಎಂದಳು. ಶೆಟ್ಟರು ಕನ್ನಡಕ ಏರಿಸಿ ಐದನೇ ನಂಬರಿನವನನ್ನು ನೋಡಿದರು. ಅವನು ಅತ್ತ ನಾಲ್ಕು ಹೆಜ್ಜೆ ಹಾಕಿದ, ಇತ್ತ ನಾಲ್ಕು ಹೆಜ್ಜೆ ಹಾಕಿದ, ಯಾರಿಗೋ ಕೈ ತೋರಿಸಿದ. ಅಪ್ಪ ಮಗಳು ಇಬ್ಬರೂ ಒಟ್ಟಿಗೆ ತಲೆದೂಗಿದರು. ಆಮೇಲೆ ಬಿಲ್ಲು ಕೊಡಲು ಬಂದ ಗಿರಾಕಿಯೊಬ್ಬ ಸ್ಕೋರ್ ಎಷ್ಟಾಯಿತು ಎಂದು ಕೇಳಿದ. ಇಬ್ಬರಿಗೂ ಗೊತ್ತಿರಲಿಲ್ಲ.