ಗಾಜು ಉಜ್ಜುವ ಮೀನು

ಕರ್‌... ಕರ್‌... ಯಾರೋ ಉಗುರಿನಿಂದ ಗಾಜಿನ ಲೋಟ ಕೆರೆಯುತ್ತಿರುವಂಥ ಸಣ್ಣ ಸದ್ದು. ಬಿಂದು ಕತ್ತಲಲ್ಲಿ ಕಣ್ಣು ಬಿಟ್ಟಳು. ಏಳಲಿಲ್ಲ. ಆಂಧ್ರದ ಕರಾವಳಿಯ ಪೆಂಡುರ್ತಿಯ ಈ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ ಇದೇ ಸದ್ದಿಗೆ ಬೆದರಿ ಎಲ್ಲ ದೀಪ ಹಾಕಿಕೊಂಡು ಕೂತಿದ್ದಳು. ಈಗ ಅದು ಕೇಳಿಸದಿದ್ದರೆ ಭಯ. ನಡುಮನೆಯ ಗಾಜಿನ ತೊಟ್ಟಿಯಲ್ಲಿ ಕಪ್ಪು ಮೀನು ಬಾಯನ್ನು ಗಾಜಿಗೆ ಒತ್ತಿಕೊಂಡು ಪಾಚಿ ಕೆರೆದು ತಿನ್ನುತ್ತಿದೆ. ಮನೆಯಲ್ಲಿ ತಾನಲ್ಲದೆ ಇನ್ನೊಂದು ಜೀವ ಎಚ್ಚರವಾಗಿದೆ. ಅಷ್ಟು ಗೊತ್ತಾದ ಮೇಲೆ ಅವಳಿಗೆ ಮತ್ತೆ ನಿದ್ದೆ ಹತ್ತುತ್ತಿತ್ತು.

ತೊಟ್ಟಿ ಅವರು ಕೊಂಡದ್ದಲ್ಲ. ನೌಕಾಪಡೆಯ ಸಂಸಾರಗಳಲ್ಲಿ ವರ್ಗವಾಗಿ ಹೋಗುವವರು ಹೊರಲಾರದ್ದನ್ನು ಉಳಿದವರ ಮನೆಗೆ ದಾಟಿಸುತ್ತಾರೆ. ಕೂಲರು, ಹೂವಿನ ಕುಂಡ, ಮಕ್ಕಳ ಸೈಕಲ್ಲು. ಹಾಗೆಯೇ ಈ ತೊಟ್ಟಿಯೂ ಮೂರ್ನಾಲ್ಕು ಮನೆ ದಾಟಿ ಬಂದಿತ್ತು. ಕೊಚ್ಚಿಗೆ ಹೊರಟ ಪಂಜಾಬಿ ಹೆಂಗಸು ಕೊಡುವಾಗ ಕಪ್ಪು ಮೀನನ್ನು ತೋರಿಸಿ, ಉಳಿದವು ಹೇಗೋ ಏನೋ, ಇದು ಮಾತ್ರ ಸಾಯುವಂಥದ್ದಲ್ಲ ಎಂದು ನಕ್ಕಿದ್ದಳು. ಮೊದಲು ತಂದವರ ಮನೆಯಲ್ಲಿ ಅದು ಬೆರಳುದ್ದ ಇತ್ತಂತೆ. ಈಗ ಅಂಗೈಯಿಂದ ಮೊಣಕೈವರೆಗೆ ಬೆಳೆದಿತ್ತು. ಮೈತುಂಬ ಚಿರತೆಯಂಥ ಚುಕ್ಕೆ, ಕೈಗೆ ಒರಟು ಒರಟು. ಬಿಂದುವಿನ ಗಂಡ ಶ್ರೀಹರ್ಷ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದ. "ಗೋಡೆ ಉಜ್ಜಿ ಉಜ್ಜಿ ನುಣ್ಣಗೆ ಮಾಡ್ತಾನಲ್ಲ, ಕೂಲಿನೂ ಕೇಳಲ್ಲ," ಎನ್ನುತ್ತಿದ್ದ.

ಶ್ರೀಹರ್ಷ ಸಬ್‌ಮರೀನಿನಲ್ಲಿ ಕೆಲಸಕ್ಕಿದ್ದ. ಹೊರಟರೆ ಎಲ್ಲಿಗೆ ಎಂದು ಹೇಳುವಂತಿಲ್ಲ, ಯಾವಾಗ ಬರುತ್ತಾನೆಂದು ಕೇಳುವಂತಿಲ್ಲ. ಅವನು ಏಪ್ರಿಲ್‌ನಲ್ಲಿ ಹೋದ. ಮೇ ತಿಂಗಳ ಸೆಕೆಗೆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ತೊಟ್ಟಿಯ ಗಾಳಿ ಯಂತ್ರ ನಿಂತಿತು, ನೀರು ಬೆಚ್ಚಗಾಗುತ್ತ ಹೋಯಿತು. ಕೆಂಪು, ಬಿಳಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ಬಿಂದು ಕೆಳಗಿನ ಮನೆಯ ಒಡತಿ ಕನಕದುರ್ಗಮ್ಮನ ಹತ್ತಿರ ಓಡಿ ಐಸ್ ಕೇಳಿದಳು, ಬೀಸಣಿಗೆ ಹಿಡಿದು ನೀರಿಗೆ ಗಾಳಿ ಹಾಕಿದಳು.

"ಗಂಡನಿಗೂ ಇಷ್ಟು ಬೀಸಿರಲ್ಲ ನೀನು, ಮೀನಿಗೆ ಬೀಸ್ತಿದೀಯ!" ಎಂದು ಕನಕದುರ್ಗಮ್ಮ ತೆಲುಗಿನಲ್ಲಿ ಛೇಡಿಸಿದಳು. ಛೇಡಿಸುತ್ತಲೇ ತನ್ನ ಫ್ರಿಜ್ಜಿನಲ್ಲಿ ಉಳಿದಿದ್ದ ಐಸೆಲ್ಲ ತಂದು ಸುರಿದಳು. ಸಂಜೆಯ ಹೊತ್ತಿಗೆ ಮೇಸ್ತ್ರಿಯೊಂದನ್ನು ಬಿಟ್ಟು ಎಲ್ಲವೂ ತೇಲುತ್ತಿದ್ದವು.

ಅದಾದ ಕೆಲವು ದಿನಕ್ಕೆ ಯಾವುದೋ ಬಂದರಿನಿಂದ ಶ್ರೀಹರ್ಷನ ಫೋನು ಬಂತು. ಬಿಂದು ಮೀನಿನ ವಿಷಯ ಹೇಳಿದಳು.

"ಎಲ್ಲಾ ಹೋದ್ವಾ?"

"ಎಲ್ಲಾ. ಮೇಸ್ತ್ರಿ ಒಬ್ಬ ಇದಾನೆ."

ಆ ಕಡೆ ಯಾರೋ ಹಿಂದಿಯಲ್ಲಿ ಕೂಗುತ್ತಿದ್ದರು. ಅವನು ತಡೆದು ಹೇಳಿದ: "ಅವನನ್ನ ಕೆರೆಗೆ ಬಿಟ್ಬಿಡು ಬಿಂದು. ನಮ್ಮನೆ ಹತ್ರಾನೇ ಐತಲ್ಲ ಮೇಘಾದ್ರಿ. ಅವನೊಬ್ಬನಾದ್ರೂ ಪೆಟ್ಟಿಗೆಯಿಂದ ಹೊರಗೆ ಹೋಗ್ಲಿ."

"ಸರಿ ರೀ."

"ಬಿಟ್ಯಾ ಇಲ್ವಾ ಅಂತ ಫೋನ್ ಮಾಡಿ ಕೇಳೋಕಾಗಲ್ಲ ನಂಗೆ. ಬಿಟ್ಟಿರ್ತೀಯ ಅಂದ್ಕೊಂಡಿರ್ತೀನಿ."

ಬಿಂದು ಬಿಡಲಿಲ್ಲ. ನಾಳೆ, ಭಾನುವಾರ, ಬಿಸಿಲು ತಗ್ಗಿದ ಮೇಲೆ ಎಂದು ಮುಂದೂಡಿದಳು. ಗ್ಯಾಸಿನ ನಾಬು ಎರಡೆರಡು ಸಲ ಮುಟ್ಟಿ ನೋಡಿ, ಚಿಲಕ ಎಳೆದು ನೋಡಿ ಮಲಗುವವಳಿಗೆ ಆ ಕೆರೆತ ಬೇಕಿತ್ತು. ತರಕಾರಿಯವನೊಂದಿಗೆ ತೆಲುಗು, ಹಡಗಿನವರ ಹೆಂಡತಿಯರೊಂದಿಗೆ ಹಿಂದಿ. ಇಡೀ ದಿನದಲ್ಲಿ ಅವಳು ಬಾಯಿಬಿಟ್ಟು ಆಡುತ್ತಿದ್ದ ಕನ್ನಡ ಮೇಸ್ತ್ರಿಯೊಂದಿಗೆ ಮಾತ್ರ. "ತಿನ್ನಪ್ಪ, ಇದೂ ಎಳೇದೇ," ಎಂದು ಸೌತೆಕಾಯಿಯ ಬಿಲ್ಲೆ ಮುಳುಗಿಸುವಳು.

ಅಷ್ಟರಲ್ಲಿ ವಿಜಯವಾಡದಿಂದ ಸುಶೀಲ ಚಿಕ್ಕಮ್ಮನ ಕರೆ ಬಂತು. "ಆವಕಾಯ ಉಪ್ಪಿನಕಾಯಿ ಹಾಕೋ ಟೈಮು. ನನ್ನ ಭುಜ ಮೇಲಕ್ಕೆ ಏಳವಲ್ದು. ಒಬ್ಳೇ ಕೂತು ಏನ್ ಮಾಡ್ತೀಯ ಅಲ್ಲಿ, ಬಾ." ಹೊಸಪೇಟೆಯಿಂದ ಆಂಧ್ರದ ಮನೆಗೆ ಸೊಸೆಯಾಗಿ ಬಂದು ಕೂದಲು ನರೆತಿದ್ದರೂ ಚಿಕ್ಕಮ್ಮನ ಮಾತು ಊರಿನದೇ. ಬಿಂದು ತೊಟ್ಟಿಗೆ ಸೌತೆಕಾಯಿ ಚೂರುಗಳನ್ನು ಹಾಕಿ ರತ್ನಾಚಲ್ ರೈಲು ಹತ್ತಿದಳು.

ಗವರ್ನರ್‌ಪೇಟೆಯಲ್ಲಿ ಚಿಕ್ಕಮ್ಮನ ಮನೆ ಮೇಲೆ, ಅಂಗಡಿ ಕೆಳಗೆ. ಚಿಕ್ಕಮ್ಮನ ಗಂಡ ಚಂದ್ರಮೌಳಿಯದು ಮೀನು ಬಲೆಗಳ ಹೋಲ್‌ಸೇಲ್ ವ್ಯಾಪಾರ. ಇಲ್ಲಿನ ರೂಢಿಯಂತೆ ಬಿಂದು ಅವರನ್ನು ಬಾಬಾಯಿ ಎನ್ನುತ್ತಿದ್ದಳು. ಮರುದಿನ ಮಧ್ಯಾಹ್ನ ಅವರಿಗೆ ಮಜ್ಜಿಗೆ ಕೊಡಲು ಇಳಿದು ಬಂದಾಗ ಅಂಗಡಿಯಲ್ಲಿ ನಗುವೋ ನಗು. ಕೊಲ್ಲೇರು ಸರೋವರದ ಕಡೆಯ ಮೀನುಗಾರ ಕಾಮೇಶ್ವರ ಹರಿದ ಬಲೆಯ ಗಂಟನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದ.

"ಬಾರಮ್ಮಾ ಬಿಂದು, ನಮ್ಮ ಪಾರ್ಟ್ನರ್ ಕೆಲಸ ನೋಡು," ಎಂದರು ಬಾಬಾಯಿ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ. "ದೆಯ್ಯಂ ಚೇಪ ಅಂತಾರೆ. ದೆವ್ವದ ಮೀನು. ಅದು ಬಲೆ ಹರೀತದೆ, ನಾನು ಹೊಸದು ಮಾರ್ತೀನಿ. ಸಂಬಳ ಇಲ್ಲ, ರಜಾ ಇಲ್ಲ."

ಕಾಮೇಶ್ವರ ಬಿಡಲಿಲ್ಲ. "ಹಾಗಾದರೆ ದೇವಿ ದುರ್ಗಮ್ಮನ ಪಟದ ಪಕ್ಕದಲ್ಲಿ ಅದರದೂ ಒಂದು ಪಟ ಹಾಕಿಸಿ, ಮೌಳಿಗಾರೂ. ದಿನಾ ಹೂ ನಾನು ತರ್ತೀನಿ. ಇನ್ನೇನು, ಮೀನಂತೂ ತರೋ ಹಾಗಿಲ್ಲ."

ನಗುತ್ತಲೇ ಅವನು ಗಂಟು ಬಿಚ್ಚಿ ಬಲೆ ಹರವಿದ. ತಲೆ ತೂರುವಷ್ಟು ದೊಡ್ಡ ದೊಡ್ಡ ತೂತು. ಒಂದು ಕಡೆ ದಾರಕ್ಕೆ ಸಿಕ್ಕಿ ಒಣಗಿದ ಈಜುರೆಕ್ಕೆಯೊಂದು ಉಳಿದಿತ್ತು. ಅಂಚಿನಲ್ಲಿ ಗರಗಸದಂಥ ಮುಳ್ಳು. ಅದರ ಮೇಲೆ ಚಿರತೆಯ ಚುಕ್ಕೆ.

ಮಜ್ಜಿಗೆಯ ಲೋಟ ಬಿಂದುವಿನ ಕೈಯಲ್ಲೇ ಉಳಿಯಿತು. ಒಂದೊಂದು ಚುಕ್ಕೆಯೂ ಅವಳಿಗೆ ಪರಿಚಯವಿತ್ತು.

"ಇದು ಕೊಲ್ಲೇರಿಗೆ ಎಲ್ಲಿಂದ ಬಂತು?" ಎಂದು ತೆಲುಗಿನಲ್ಲಿ ಕೇಳಿದಳು.

"ಯಾರ ಮನೆಯಿಂದಲೋ, ಅಮ್ಮಾ. ಚೆಂದಕ್ಕೆ ಅಂತ ಗಾಜಿನ ಪೆಟ್ಟಿಗೆಯಲ್ಲಿ ಸಾಕ್ತಾರಂತೆ. ಬೆಳೆದು ಪೆಟ್ಟಿಗೆ ಸಾಲದಾದಾಗ ಅಯ್ಯೋ ಪಾಪ ಅಂತ ನೀರಿಗೆ ಬಿಡ್ತಾರೆ. ಪಾಪ ಅನ್ನೋದು ಅವರು, ಅದರ ಮರಿಗಳ ಕಾಟ ನಮಗೆ." ಕಾಮೇಶ್ವರ ಬಲೆ ಮಡಿಸತೊಡಗಿದ. ನಗು ಇಳಿದಿತ್ತು. "ಈ ಸೆಕೆಗೆ ನೀರು ಕಾದು ನಮ್ಮ ಮೀನೆಲ್ಲ ಬೆಳಗಾಗೋದರೊಳಗೆ ಬಾಯಿ ಬಿಟ್ಟುಕೊಂಡು ಮೇಲೆ ಬರ್ತವೆ. ಇದು ಮಾತ್ರ ಕೆಸರಲ್ಲಿ ತಣ್ಣಗೆ ಕೂತಿರುತ್ತೆ. ನನ್ನ ತಮ್ಮ ಬಲೆ ಬಿಟ್ಟು ಆಟೋನಗರಕ್ಕೆ ಲಾರಿ ತೊಳೆಯೋಕೆ ಹೋದ."

ಆ ರಾತ್ರಿ ಮಾವಿನ ಹೋಳಿಗೆ ಸಾಸಿವೆಪುಡಿ ಕಲಸುತ್ತ ಬಿಂದು ಮೇಸ್ತ್ರಿಯ ಸಂಗತಿ ಹೇಳಿಕೊಂಡಳು. ಚಿಕ್ಕಮ್ಮ ಜಾಡಿ ಒರೆಸುತ್ತ, "ನಿಂದೊಂದು ಮೀನಿಂದ ಏನಾಗ್ತದೆ ಬಿಡೇ. ಅದು ಹೋದ್ರೆ ಆ ಮನೇಲಿ ನಿನ್ ಜೊತೆ ಯಾರಿರ್ತಾರೆ, ಅದನ್ನ ಹೇಳು," ಎಂದಳು. ಬಿಂದು ಹೋಳುಗಳನ್ನು ಜಾಡಿಗೆ ತುಂಬಿದಳು. ಕೆರೆಗೆ ಬಿಡುವುದಿಲ್ಲ, ಇಟ್ಟುಕೊಳ್ಳುತ್ತೇನೆ, ಅವನು ಬಂದಾಗ ವಿವರಿಸಿ ಹೇಳಿದರಾಯಿತು ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡು, ಉಪ್ಪಿನಕಾಯಿ ಡಬ್ಬಿ ಹಿಡಿದು ಮರಳಿದಳು.

ಮೆಟ್ಟಿಲ ಬಾಗಿಲಲ್ಲೇ ಕನಕದುರ್ಗಮ್ಮ ಕಾದಿದ್ದಳು. "ನಮ್ಮ ಸೂರೆಲ್ಲ ತೊಟ್ಟಿಕ್ಕುತ್ತಿದೆಯಲ್ಲೇ ತಾಯೀ!"

ಬೀಗ ತೆಗೆದರೆ ನಡುಮನೆ ತುಂಬ ನೀರು. ಸೆಕೆಗೋ ಹಳತಾಗಿಯೋ ತೊಟ್ಟಿಯ ಮೂಲೆಯ ಅಂಟು ಬಿಟ್ಟುಕೊಂಡಿತ್ತು. ತಳದಲ್ಲಿ ಉಳಿದ ಪಸೆಯಲ್ಲಿ ಮೇಸ್ತ್ರಿ ಹೊಟ್ಟೆ ಊರಿ ಬಿದ್ದಿತ್ತು. ಸತ್ತಿತೆಂದುಕೊಂಡು ಬಿಂದು ಕೈ ಹಾಕಿದಳು. ಅದು ರೆಕ್ಕೆ ಅಗಲಿಸಿ ಅವಳ ಹೆಬ್ಬೆರಳನ್ನು ಗೀರಿತು. ಅವಳು ಬಕೆಟ್ಟಿಗೆ ನೀರು ಹಿಡಿದು ಅದನ್ನು ಇಳಿಸಿದಳು. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ಕಿನ ಮೇಲೆ ಕರ್‌ ಕರ್‌ ಶುರುವಾಯಿತು. ಬಿಂದು ಒದ್ದೆ ನೆಲದ ಮೇಲೆ ಕೂತು ಅತ್ತಳು. ಯಾತಕ್ಕೆಂದು ಅವಳಿಗೇ ತಿಳಿಯಲಿಲ್ಲ.

ಹಡಗಿನವರ ಹೆಂಡತಿಯರ ವಾಟ್ಸಾಪ್ ಗುಂಪಿನಲ್ಲಿ, ಮೀನು ಯಾರಿಗಾದರೂ ಬೇಕೇ ಎಂದು ಕೇಳಿದಳು. ನಗುವ ಮುಖಗಳು ಬಂದವು, ಬೇಕೆಂದವರಿಲ್ಲ. ಸಾಕುಮೀನಿನ ಅಂಗಡಿಯವನು ಉದ್ದ ಕೇಳಿ, ಅಷ್ಟು ದೊಡ್ಡದನ್ನು ಯಾರು ಕೊಳ್ಳುತ್ತಾರೆ, ಕೆರೆಗೆ ಬಿಡಿ ಮೇಡಂ ಎಂದ. ಹೊಸ ತೊಟ್ಟಿ ತರಬಹುದಿತ್ತು. ಆದರೆ ಮುಂದಿನ ವರ್ಗ ಬಂದಾಗ ಅದನ್ನು ಇನ್ನೊಬ್ಬಳ ಮನೆಗೆ ದಾಟಿಸಬೇಕು. ಅವಳು ಮತ್ತೊಬ್ಬಳಿಗೆ. ಅವರಲ್ಲಿ ಒಬ್ಬಳು ಒಂದಲ್ಲ ಒಂದು ದಿನ ಅಯ್ಯೋ ಪಾಪ ಎಂದು ಯಾವುದೋ ನೀರಿನ ದಡಕ್ಕೆ ಇದನ್ನು ತಂದೇ ತರುತ್ತಾಳೆ.

ಇಷ್ಟೆಲ್ಲ ತಿಳಿದೂ ಮಾರನೆಯ ದಿನ ತಾನೇ ಆಟೋ ಹಿಡಿದು ಬಕೆಟ್ಟನ್ನು ತೊಡೆಗಳ ನಡುವೆ ಇಟ್ಟುಕೊಂಡು ಹೊರಟಳು. ಉಳಿದ ದಾರಿಯೆಂದರೆ ಕೊಲ್ಲುವುದು; ತನ್ನ ಕೈಯಾರೆ, ಮನೆಯೊಳಗೆ ಅದನ್ನು ಮಾಡುವುದು ಕೆರೆಗೆ ಬಿಡುವುದಕ್ಕಿಂತ ದೊಡ್ಡದೆನಿಸಿತ್ತು.

ಮೇಘಾದ್ರಿಯ ನೀರು ಬಹಳ ಹಿಂದೆ ಸರಿದಿತ್ತು. ಬಿರಿದ ಕೆಸರು ದಾಟಿ ಅಂಚಿಗೆ ಹೋದಳು. ನೀರಿಗೆ ಕೈ ಅದ್ದಿದರೆ ಸ್ನಾನಕ್ಕೆ ಕಾಸಿದಂತೆ ಬೆಚ್ಚಗೆ. ಸಣ್ಣ ಬೆಳ್ಳಿ ಮೀನುಗಳು ಅಲ್ಲಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆಚೆ ಥರ್ಮೋಕೋಲಿನ ಹಲಗೆಯ ಮೇಲೆ ಕೂತು ಗಾಳ ಹಾಕಿದ್ದ ಮುದುಕನೊಬ್ಬ ಅವಳ ಬಕೆಟ್ಟು ನೋಡಿ ಕೂಗಿದ: "ಚೇಪಾ? ವದಿಲೇಯಮ್ಮಾ, ಪುಣ್ಯಂ!" ಬಿಟ್ಟುಬಿಡು, ಪುಣ್ಯ ಬರುತ್ತದೆ ಎನ್ನುತ್ತಿದ್ದ. ಅವನ ಪಕ್ಕದಲ್ಲಿ ಒಂದು ಬಲೆ ಸುತ್ತಿಟ್ಟಿತ್ತು. ತೇಪೆ ಇಲ್ಲದ ಬಲೆ.

ಬಿಂದು ಬಕೆಟ್ಟನ್ನು ಒಂದಿಷ್ಟು ವಾಲಿಸಿದಳು. ನೀರು ತುಟಿಯಂಚಿಗೆ ಬಂತು. ಮೇಸ್ತ್ರಿ ಅತ್ತ ತಿರುಗಿತು. ಅವಳು ಬಕೆಟ್ಟನ್ನು ನೇರ ಮಾಡಿ ಟವೆಲು ಮುಚ್ಚಿ ಹಿಂತಿರುಗಿದಳು.

ಮನೆಯಲ್ಲಿ ಹಲ್ಲುನೋವಿಗೆಂದು ತಂದಿಟ್ಟ ಲವಂಗದೆಣ್ಣೆ ಇತ್ತು. ಅದರಿಂದ ಮೀನಿಗೆ ನಿದ್ದೆಯಂತೆ ಸಾವು ಬರುತ್ತದೆ, ನೋವಾಗದು ಎಂದು ಮೊಬೈಲಿನಲ್ಲಿ ಓದಿ, ಮತ್ತೊಮ್ಮೆ ಓದಿ, ಬೇರೆ ಕಡೆಯೂ ಓದಿ ನೋಡಿದಳು. ಎಣ್ಣೆಯನ್ನು ನೀರಿನಲ್ಲಿ ಕದಡಿ ಬಕೆಟ್ಟಿಗೆ ಸುರಿದಳು. ಮನೆಯೆಲ್ಲ ಹಬ್ಬದಡುಗೆಯ ಘಮ. ಮೇಸ್ತ್ರಿ ಒಮ್ಮೆ ಬಕೆಟ್ಟಿಗೆ ಬಾಲ ಬಡಿಯಿತು. ಬರುಬರುತ್ತ ಮೈ ಸಡಿಲಾಯಿತು, ಒಂದು ಪಕ್ಕಕ್ಕೆ ವಾಲಿತು. "ಇಲ್ಲೇ ಇದೀನಪ್ಪ," ಎಂದಳು ಬಿಂದು. ಕಿವಿರು ಅಲುಗುವುದು ನಿಂತ ಮೇಲೂ ಅವಳಿಗೆ ನಂಬಿಕೆ ಬರಲಿಲ್ಲ. ಇನ್ನಷ್ಟು ಎಣ್ಣೆ ಹಾಕಿ, ಕತ್ತಲಾಗುವವರೆಗೆ ಬಕೆಟ್ಟಿನ ಬಳಿಯೇ ಕೂತಿದ್ದಳು. ಆಮೇಲೆ ಪಕ್ಕದ ಖಾಲಿ ಸೈಟಿನಲ್ಲಿ ತೋಡಿ ಮಣ್ಣು ಮುಚ್ಚಿ, ನಾಯಿ ಕೆದಕದಂತೆ ಕಲ್ಲು ಹೇರಿದಳು.

"ಬಿಟ್ಟು ಬಂದೆಯಾ?" ಎಂದು ಕನಕದುರ್ಗಮ್ಮ ಕೇಳಿದಾಗ ತಲೆಯಾಡಿಸಿದಳು. ಆ ರಾತ್ರಿ ಮನೆ ಎಷ್ಟು ಮೌನವಾಗಿತ್ತೆಂದರೆ ಗಡಿಯಾರದ ಸದ್ದೊಂದೇ ಕಿವಿಗೆ ಚುಚ್ಚಿ, ಅವಳಿಗೆ ಅದರ ಸೆಲ್ಲು ತೆಗೆದಿಡಬೇಕೆನಿಸಿತು.

ಮೊದಲ ಮಳೆ ಬಿದ್ದ ಮೇಲೆ ಶ್ರೀಹರ್ಷ ಬಂದ. ಬಿಸಿಲು ಕಾಣದೆ ಬಿಳಿಚಿಕೊಂಡಿದ್ದ, ಕೆನ್ನೆ ಒಳಗೆ ಹೋಗಿತ್ತು. ಮೆಟ್ಟಿಲಲ್ಲೇ ಕನಕದುರ್ಗಮ್ಮ ಅವನಿಗೆ ಎಲ್ಲ ಹೇಳಿದ್ದಳು, ಆ ಬಿಸಿಲಲ್ಲಿ ಇವಳು ಬಕೆಟ್ಟು ಹೊತ್ತು ಕೆರೆಗೆ ಹೋದದ್ದನ್ನು. ಒಳಗೆ ಬಂದವನು ಮೂಗರಳಿಸಿ, "ಏನಿದು, ಲವಂಗದ ವಾಸನೆ? ಹಲ್ಲು ನೋವಿತ್ತಾ?" ಎಂದ.

"ಹೂಂ, ಸ್ವಲ್ಪ."

ಎಲ್ಲವನ್ನೂ ಹೇಗೆ ಹೇಳಬೇಕೆಂದು ಅವಳು ಮಾತು ಜೋಡಿಸಿಟ್ಟಿದ್ದಳು. ಬಲೆ, ರೆಕ್ಕೆ, ಕಾಮೇಶ್ವರನ ತಮ್ಮ. ಊಟವಾಗಲಿ ಎಂದು ಕಾದಳು. ಊಟ ಮುಗಿಸಿ ಅವನೇ, "ನಡಿ, ಕೆರೆ ಹತ್ರ ಹೋಗೋಣ," ಎಂದು ಮಂಡಕ್ಕಿ ಪೊಟ್ಟಣ ಹಿಡಿದುಕೊಂಡು ಎದ್ದ.

ನೀರು ಒಂದಷ್ಟು ಏರಿತ್ತು. ಸಂಜೆಯ ಗಾಳಿಗೆ ಸಣ್ಣ ಅಲೆ. ಶ್ರೀಹರ್ಷ ದಡದಲ್ಲಿ ಕುಕ್ಕರುಗಾಲಲ್ಲಿ ಕೂತ. "ಸಬ್‌ಮರೀನ್ ಒಳಗೆ ಹಗಲೂ ಇಲ್ಲ ರಾತ್ರಿನೂ ಇಲ್ಲ ಬಿಂದು. ಒಂದ್ಸಲ ಏನೋ ಕೆಟ್ಟು ಬಹಳ ಹೊತ್ತು ಕೆಳಗೇ ಇದ್ವಿ. ಪಕ್ಕದ ಹಾಸಿಗೆ ಹುಡುಗ ದೇವರ ಹೆಸರು ಹೇಳ್ಕೋತಿದ್ದ. ನಂಗ್ಯಾವ ದೇವರೂ ನೆನಪಾಗಲಿಲ್ಲ. ಮೇಸ್ತ್ರಿ ಈಗ ಎಲ್ಲಿರಬಹುದು, ಯಾವ ಕಲ್ಲು ಉಜ್ಜುತಿರಬಹುದು ಅಂತ ಅಂದ್ಕೊಳ್ತಾ ಮಲಗಿದೆ. ನಿದ್ದೆ ಬಂತು, ನಂಬ್ತೀಯ?"

ಅವನು ಮಂಡಕ್ಕಿ ಎರಚಿದ. ಬಿಳಿ ಕಾಳುಗಳು ತೇಲಿದವು. ಸ್ವಲ್ಪ ಹೊತ್ತಿಗೆ ಅವುಗಳ ನಡುವೆ ಪುಟ್ಟ ಉಂಗುರವೊಂದು ಅರಳಿತು.

"ನೋಡಿದ್ಯಾ! ನೋಡಿದ್ಯಾ! ಅವನೇ!"

ಮೇಸ್ತ್ರಿ ಮೇಲೆ ಬರುವ ಜಾತಿಯ ಮೀನಲ್ಲ, ಮಂಡಕ್ಕಿಗಂತೂ ಅಲ್ಲವೇ ಅಲ್ಲ. ಇದು ಈ ಕೆರೆಯದೇ ಯಾವುದೋ ಸಣ್ಣ ಮೀನು, ಬೇಸಿಗೆ ಕಳೆದು ಉಳಿದದ್ದು. ಬಿಂದು ಬಾಯಿ ತೆರೆದಳು. ಅವನ ಕತ್ತಿನ ಹಿಂದೆ ಕ್ಷೌರ ಮಾಡಿದಲ್ಲಿ ಚರ್ಮ ಮಗುವಿನದರಂತೆ ಬೆಳ್ಳಗಿತ್ತು. ಇವನಿಗೆ ಹೇಳುವುದಿಲ್ಲ, ಚಿಕ್ಕಮ್ಮನಿಗೂ ಇಲ್ಲ, ಯಾರಿಗೂ ಇಲ್ಲ.

ಹೆಬ್ಬೆರಳ ಗೀರು ಮಾಯ್ದು ಗೆರೆಯಾಗಿತ್ತು. ಅದೇ ಕೈಯನ್ನು ಅವಳು ಪೊಟ್ಟಣಕ್ಕೆ ಹಾಕಿ ಒಂದು ಹಿಡಿ ಮಂಡಕ್ಕಿ ತೆಗೆದು ನೀರಿಗೆ ಚೆಲ್ಲಿದಳು. ಗಾಳಿ ಅದನ್ನು ಮೆಲ್ಲಗೆ ಅವಳ ಕಾಲ ಬಳಿಗೇ ತಳ್ಳಿಕೊಂಡು ಬಂತು.