ಲಿಬುಶೆಯ ಪಿಸ್ತೂಲಿನ ಕೆಂಪು ಚುಕ್ಕೆ

ಐವತ್ತೈದು ದಾಟಿದ ಮೇಲೆ ಲಿಬುಶೆಗೆ ಪಿಸ್ತೂಲಿನ ತುದಿಯ ಗುರಿಮೊನೆ ಮಸುಕಾಗತೊಡಗಿತು. ಮೊದಲು ಬೆಳಕನ್ನು ಬೈದಳು, ಆಮೇಲೆ ಕನ್ನಡಕವನ್ನು ಬೈದಳು, ಕೊನೆಗೆ ತನ್ನ ತೋಳೇ ಗಿಡ್ಡವಾಯಿತು ಎಂದಳು. ಅವಳ ಶೂಟಿಂಗ್ ಕ್ಲಬ್ಬಿನಲ್ಲಿ ಅರ್ಧಕ್ಕರ್ಧ ಜನ ಆಗಲೇ ಪಿಸ್ತೂಲಿನ ಬೆನ್ನ ಮೇಲೆ ಕೆಂಪು ಚುಕ್ಕೆ ಕೂರಿಸಿಕೊಂಡಿದ್ದರು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಗಾಜಿನ ಕಿಟಕಿ. ಅದರೊಳಗೆ ಹೊಳೆಯುವ ಚುಕ್ಕೆಯನ್ನು ಗುರಿಯ ಮೇಲಿಟ್ಟು ಟ್ರಿಗರ್ ಒತ್ತಿದರಾಯಿತು. ಲಿಬುಶೆ ಅವರನ್ನೆಲ್ಲ ‘ಸಿಗ್ನಲ್ ದೀಪದವರು’ ಎಂದು ಆಡಿಕೊಳ್ಳುತ್ತಿದ್ದಳು. ರೈಲು ನಿಲ್ದಾಣದಲ್ಲಿ ಪಾಳಿಯ ಮೇಲೆ ಸಿಗ್ನಲ್ ನೋಡಿಕೊಳ್ಳುವುದು ಅವಳದೇ ಕೆಲಸವಾದ್ದರಿಂದ ಆ ಮಾತಿಗೆ ಎಲ್ಲರೂ ನಗುತ್ತಿದ್ದರು.

ಜುಲೈಯಲ್ಲಿ, ಕ್ಯಾಲೆಂಡರಿನಲ್ಲಿ ಅವಳ ಹೆಸರಿಗೆಂದೇ ಇರುವ, ಹುಟ್ಟುಹಬ್ಬದಂತೆ ಉಡುಗೊರೆ ಕೊಡುವ ‘ಹೆಸರಿನ ದಿನ’ ಬಂತು. ಗಂಡ ರಾದೊವಾನ್ ಊಟದ ಮೇಜಿನ ಮೇಲೆ ಪುಟ್ಟ ಪೆಟ್ಟಿಗೆಯೊಂದನ್ನು ತಂದಿಟ್ಟ. ಒಳಗಿದ್ದದ್ದು ಕೆಂಪು ಚುಕ್ಕೆ.

“ನಾನೇನು ಇದನ್ನ ಕೇಳಿದ್ನಾ?” ಎಂದಳು ಲಿಬುಶೆ. ಕೈ ಮಾತ್ರ ಆಗಲೇ ಪೆಟ್ಟಿಗೆಯೊಳಗಿತ್ತು.

“ಕೇಳಿಲ್ಲ ಕಣೇ. ಆದ್ರೆ ಹೋದ ಪಂದ್ಯದಲ್ಲಿ ಪಕ್ಕದವನ ಗುರಿ ಕಾಗದಕ್ಕೆ ಹೊಡೆದ್ಯಲ್ಲ, ಅದು ಕೇಳ್ದಂಗೇ ಆಯ್ತು.”

ರಾದೊವಾನ್ ಕಟ್ಟುಹಲ್ಲು ಮಾಡುವವನು, ರಜೆಯ ದಿನ ಅದೇ ಕ್ಲಬ್ಬಿನಲ್ಲಿ ಪಿಸ್ತೂಲು ಹೊಡೆಯುವವನು. ಮನೆಯ ಹಿಂದಿನ ಕೋಣೆಯೇ ಅವನ ಕಾರ್ಖಾನೆ. ಸಣ್ಣ ಅರಗಳು, ಚಿಮುಟಗಳು, ಭೂತಗನ್ನಡಿ ಎಲ್ಲ ಅಲ್ಲಿ ಸಾಲಾಗಿ ನೇತಾಡುತ್ತಿದ್ದವು. “ಕ್ಲಬ್ಬಿನಲ್ಲಿ ಹೆದ್ವಿಕಾ ಹತ್ರ ಕೂರಿಸ್ಕೊಂಡು ಬರ್ತೀನಿ” ಎಂದು ಲಿಬುಶೆ ಅಂದಿದ್ದೇ ಅವನಿಗೆ ಅವಮಾನವಾಯಿತು.

“ಅವಳು ಮಾಂಸ ಕಡಿಯೋಳು. ನಾನು ಈ ಸೀಮೆಯ ಅರ್ಧ ಬಾಯಿಗಳಿಗೆ ಹಲ್ಲು ಕೂರಿಸಿದೋನು. ನಾಲ್ಕು ಸ್ಕ್ರೂ ಕೂರಿಸೋಕಾಗಲ್ವಾ?”

ಅವನು ಪಿಸ್ತೂಲು ಖಾಲಿಯಿದೆಯೇ ಎಂದು ಎರಡೆರಡು ಸಲ ನೋಡಿ, ಬೆನ್ನಿನ ಮುಚ್ಚಳ ತೆಗೆದು, ತಗಡಿನ ಪಟ್ಟಿ ಇಟ್ಟು, ಅದರ ಮೇಲೆ ಚುಕ್ಕೆಯನ್ನು ಕೂರಿಸಿದ. ಸ್ಕ್ರೂಗಳು ಸಲೀಸಾಗಿ ತಿರುಗಲೆಂದು ಒಂದೊಂದಕ್ಕೂ ಒಂದು ಹನಿ ಎಣ್ಣೆ ಬಿಟ್ಟ. ಕೆಲಸ ಮುಗಿದಾಗ ಅವನ ಮುಖ ನೋಡಬೇಕಿತ್ತು.

ಹಳೆಯ ಇಟ್ಟಿಗೆ ಗೂಡಿನ ಹಳ್ಳದಲ್ಲಿ ಕ್ಲಬ್ಬಿನ ಮೈದಾನ. ಮೊದಲ ದಿನ ಲಿಬುಶೆ ಗುಂಡು ಹಾರಿಸಿದಾಗ ಅವಳಿಗೇ ನಂಬಿಕೆ ಬರಲಿಲ್ಲ. ಚುಕ್ಕೆ ಎಲ್ಲಿತ್ತೋ ಅಲ್ಲೇ ತೂತು. ಕಳೆದ ಎರಡು ವರ್ಷ ಮಂಜಿನಲ್ಲಿ ತಡಕಾಡಿದ ಕಣ್ಣಿಗೆ ಯಾರೋ ಪರದೆ ಸರಿಸಿದಂತಾಯಿತು. ಆದರೆ ಮಧ್ಯಾಹ್ನದ ಹೊತ್ತಿಗೆ ತೂತುಗಳು ಎಡಕ್ಕೆ ಜಾರತೊಡಗಿದವು. ಮೊದಲು ಬೆರಳಗಲ, ಆಮೇಲೆ ಅಂಗೈ ಅಗಲ.

“ಹೆಂಗಿದೆ?” ಎಂದು ಹಿಂದಿನಿಂದ ರಾದೊವಾನ್ ಕೇಳಿದ. ಹೆಸರಿನ ದಿನಕ್ಕೆ ಉಡುಗೊರೆ ಪಡೆದವನು ತಾನೇ ಎಂಬಷ್ಟು ಖುಷಿ ಅವನ ಮುಖದಲ್ಲಿತ್ತು.

“ಬಂಗಾರದಂಗಿದೆ. ನನ್ನ ಕೈಯೇ ಸ್ವಲ್ಪ ಎಳೀತಾ ಇದೆ” ಎಂದಳು ಲಿಬುಶೆ.

ಮನೆಗೆ ಬಂದ ಮೇಲೆ, ಗಂಡ ಹಿಂದಿನ ಕೋಣೆಯಲ್ಲಿ ಯಾರದೋ ದವಡೆಯ ಜೊತೆ ಗುದ್ದಾಡುತ್ತಿದ್ದಾಗ, ಚುಕ್ಕೆಯ ಪಕ್ಕದಲ್ಲಿರುವ ಹೊಂದಿಕೆಯ ತಿರುಪನ್ನು ಅವಳು ಮೆಲ್ಲಗೆ ತಿರುಗಿಸಿದಳು. ಒಂದೊಂದು ಸಲ ತಿರುಗಿದಾಗಲೂ ‘ಟಿಕ್’ ಎನ್ನುವ ಸದ್ದು. ಗುಂಡು ಬಲಕ್ಕೆ ಬರಲು ಬೇಕಾದಷ್ಟು ಟಿಕ್ ಆಯಿತು. ಅಷ್ಟಕ್ಕೇ ಗಂಡನ ಮನಸ್ಸು ನೋಯಿಸುವುದು ಬೇಡವೆಂದು ಇಬ್ಬರೂ ಪಿಸ್ತೂಲು ಇಡುವ ಕಪಾಟಿನಲ್ಲಿ ಅದನ್ನಿಟ್ಟು ಬೀಗ ಹಾಕಿದಳು.

ಮುಂದಿನ ವಾರ ಗುಂಡುಗಳು ಬಲಕ್ಕೆ ಹೋದವು. ಹೋದವು ಎಂದರೆ ಸ್ವಲ್ಪವಲ್ಲ, ತಾನು ತಿರುಗಿಸಿದ್ದಕ್ಕಿಂತ ದುಪ್ಪಟ್ಟು. ಅವಳು ಮತ್ತೆ ಎಡಕ್ಕೆ ತಿರುಗಿಸಿದಳು. ಮರುವಾರ ಅವು ಎಡಗಡೆಯ ಬೇಲಿಯನ್ನೇ ಹುಡುಕಿಕೊಂಡು ಹೋದಂತೆ ಹೋದವು. ರಾತ್ರಿ ಪಾಳಿಯಲ್ಲಿ ಸರಕಿನ ಗಾಡಿಗಳಿಗೆ ದಾರಿ ಬಿಡುತ್ತಾ ಲಿಬುಶೆ ಅದನ್ನೇ ಯೋಚಿಸಿದಳು. ಕಣ್ಣು ಹೋಯಿತು, ಈಗ ಕೈಯೂ ಹೋಯಿತೇ? ಊರ ಸುತ್ತಲ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಜಿಲ್ಲೆಯ ಪಂದ್ಯ. ಹೆಸರು ಕೊಟ್ಟಾಗಿತ್ತು.

ಒಂದು ಬುಧವಾರ ರಾದೊವಾನ್ ಹಲ್ಲುಗಳನ್ನು ತಲುಪಿಸಲು ಪಟ್ಟಣಕ್ಕೆ ಹೋಗಿದ್ದಾಗ ಲಿಬುಶೆ ಪಿಸ್ತೂಲು ತೆಗೆದುಕೊಂಡು ಮೈದಾನಕ್ಕೆ ಬಂದಳು. ಹೆದ್ವಿಕಾ ಅಲ್ಲೇ ಇದ್ದಳು. ಅವಳು ಊರಿನ ಮಾಂಸದಂಗಡಿಯ ಒಡತಿ, ಮೈದಾನದ ಉಸ್ತುವಾರಿಯೂ ಅವಳದೇ. ದನಿ ಎಷ್ಟು ದೊಡ್ಡದೆಂದರೆ ಕಿವಿಗೆ ರಕ್ಷಣೆ ಹಾಕಿಕೊಂಡವರಿಗೂ ಅವಳ ಬೈಗುಳ ತಪ್ಪುತ್ತಿರಲಿಲ್ಲ.

ಲಿಬುಶೆಯ ಗೋಳು ಕೇಳಿ ಹೆದ್ವಿಕಾ ಚುಕ್ಕೆಯ ಮೊದಲ ಸ್ಕ್ರೂಗೆ ಸ್ಕ್ರೂಡ್ರೈವರ್ ಹಾಕಿದಳು. ಅದು ಬೆಣ್ಣೆಯಲ್ಲಿ ನೆಟ್ಟ ಕಡ್ಡಿಯಂತೆ ಹೊರಬಂತು.

“ಅಯ್ಯೋ ದೇವರೇ! ಇದಕ್ಕೆ ಎಣ್ಣೆ ಹಾಕಿದ್ದು ಯಾರೇ?”

ಲಿಬುಶೆ ಗುಂಡಿನ ಡಬ್ಬಿಯ ಮುಚ್ಚಳ ತೆಗೆದು ಮುಚ್ಚಿದಳು.

“ಗೊತ್ತಾಯ್ತು ಬಿಡು. ನಿನ್ನ ಹಲ್ಲಿನ ಡಾಕ್ಟ್ರು.”

“ಡಾಕ್ಟ್ರಲ್ಲ ಅವ್ನು.”

“ಅದಂತೂ ಕಾಣ್ತಾ ಇದೆ. ಪಿಸ್ತೂಲು ಏನು ಸೂಪು ಕುಡಿಯುತ್ತಾ, ಮೆಲ್ಲಗೆ ಅಗಿಯುತ್ತಾ? ಒಂದೊಂದು ಗುಂಡಿಗೂ ಕತ್ತೆ ಒದ್ದಂಗೆ ಒದೆಯುತ್ತೆ. ಎಣ್ಣೆ ಇದ್ರೆ ಸ್ಕ್ರೂ ನಿಲ್ಲುತ್ತಾ? ತನ್ನಷ್ಟಕ್ಕೆ ತಾನೇ ಬಿಚ್ಕೊಂಡು ಚುಕ್ಕೆ ಕುಣೀತಾ ಇದೆ.”

ಅವಳು ಸ್ಕ್ರೂಗಳನ್ನೂ ತೂತುಗಳನ್ನೂ ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದಳು. ಪಟ್ಟಿಯ ಅಡಿಯಲ್ಲಿ ಕಸವಿಲ್ಲವೆಂದು ಬೆರಳಾಡಿಸಿ ನೋಡಿದಳು. ಸ್ಕ್ರೂಗಳ ಮೊನೆಗೆ ನೀಲಿ ಅಂಟು ಸವರಿ, ಸಾಕಷ್ಟು ಬಿಗಿಯಾದೊಡನೆ ತಾನಾಗಿ ಜಾರುವ ಸ್ಕ್ರೂಡ್ರೈವರಿನಿಂದ ಬಿಗಿದಳು. ಆಮೇಲೆ ಕೈಚೀಲದಿಂದ ಉಗುರುಬಣ್ಣದ ಸೀಸೆ ತೆಗೆದು ಪ್ರತಿ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹಕ್ಕೆ ಕೂದಲೆಳೆಯಷ್ಟು ಗೆರೆ ಎಳೆದಳು. ಸ್ಕ್ರೂ ಅಲುಗಿದರೆ ಗೆರೆ ಮುರಿಯುತ್ತದೆ. ಅಂಟು ಒಣಗುವವರೆಗೆ ಇಬ್ಬರೂ ಕಾಫಿ ಕುಡಿದು, ಊರಿನ ಅರ್ಧ ಜನರನ್ನು ಆಡಿಕೊಂಡು ಮುಗಿಸಿದರು. ಕೊನೆಗೆ ಹೆದ್ವಿಕಾ ಮರಳುಚೀಲದ ಮೇಲೆ ಪಿಸ್ತೂಲಿಟ್ಟು ತಾನೇ ಹೊಡೆದು, ಗುಂಡು ನಡುವೆ ಬೀಳುವಂತೆ ಹೊಂದಿಸಿ, ಹೊಂದಿಕೆಯ ತಿರುಪಿಗೂ ಒಂದು ಗೆರೆ ಎಳೆದಳು.

“ಇನ್ನು ಇದನ್ನ ಮುಟ್ಟಿದ್ರೆ ಕೈ ಕಡೀತೀನಿ. ನನ್ನ ಅಂಗಡೀಲಿ ಅದಕ್ಕೆ ಬೇಕಾದ್ದೆಲ್ಲ ಇದೆ.”

“ಮುಟ್ಟಲ್ಲ. ನೀನು ಮಾತ್ರ ರಾದೊವಾನ್‌ಗೆ ಹೇಳ್ಬೇಡ. ಪಾಪ, ಅಷ್ಟು ಪ್ರೀತಿಯಿಂದ ಕೂರಿಸಿದಾನೆ.”

“ಪ್ರೀತಿಯಿಂದಲ್ಲ, ಎಣ್ಣೆಯಿಂದ” ಎಂದಳು ಹೆದ್ವಿಕಾ. ಆದರೂ ಮಾತು ಕೊಟ್ಟಳು.

ಶನಿವಾರ ಕ್ಲಬ್ಬಿನವರೆಲ್ಲ ಸೇರಿದ್ದರು. ಲಿಬುಶೆ ನಿರಾಳವಾಗಿ ನಿಂತಳು. ಹೊಡೆಯಲು ಸೂಚನೆ ಕೊಡುವ ಗಡಿಯಾರ ಬೀಪ್ ಎಂದಿತು. ಹೊಡೆದಳು. ಎಲ್ಲ ತೂತುಗಳೂ ಅಂಗೈ ಅಗಲ ಬಲಕ್ಕೆ.

ಹೆದ್ವಿಕಾಳ ಮುಖ ಅವಳ ಅಂಗಡಿಯ ಮಾಂಸಕ್ಕಿಂತ ಕೆಂಪಾಯಿತು. ಈಗ ಮರ್ಯಾದೆಯ ಪ್ರಶ್ನೆ ಅವಳದು. “ಕೊಡಿಲ್ಲಿ!” ಎಂದು ಪಿಸ್ತೂಲನ್ನು ಖಾಲಿ ಮಾಡಿಸಿ ಮೇಜಿಗೆ ಒಯ್ದಳು. ಬ್ಯಾಟರಿ ತೆಗೆದು ಹಾಕಿದಳು. ಗಾಜು ಒರೆಸಿದಳು. ಚುಕ್ಕೆಯನ್ನು ಹಿಡಿದು ಅಲುಗಿಸಿದಳು, ಬಂಡೆಯಂತೆ ಕೂತಿತ್ತು. ತಾನೇ ಹೊಡೆದಳು, ಬಲಕ್ಕೆ. ಪಕ್ಕದಲ್ಲಿದ್ದ ಅಂಚೆಯವನ ಕೈಗೆ ಕೊಟ್ಟಳು, ಅವನದೂ ಬಲಕ್ಕೆ.

“ನನ್ನ ಕೈ ಅಲ್ಲ ಅಂತಾಯ್ತಲ್ಲ” ಎಂದು ಲಿಬುಶೆ ಸಮಾಧಾನದ ಉಸಿರು ಬಿಟ್ಟಳು.

“ಬಾಯಿ ಮುಚ್ಚೇ, ಯೋಚನೆ ಮಾಡ್ತಾ ಇದೀನಿ.”

ಹೆದ್ವಿಕಾ ಕನ್ನಡಕ ಏರಿಸಿ ಬಗ್ಗಿದಳು. ಸ್ಕ್ರೂಗಳ ಮೇಲಿನ ಗೆರೆಗಳು ನೆಟ್ಟಗಿದ್ದವು. ಹೊಂದಿಕೆಯ ತಿರುಪಿನ ಮೇಲಿನ ಗೆರೆ ಮಾತ್ರ ಎರಡು ತುಂಡಾಗಿ, ಒಂದು ತುಂಡು ಬೇರೆ ದಿಕ್ಕಿಗೆ ತಿರುಗಿ ಕೂತಿತ್ತು.

“ಲಿಬುಶೆ, ಇದನ್ನ ಮುಟ್ಟಿದ್ಯಾ?”

“ಈ ಸಲ ಇಲ್ಲ, ಆಣೆಗೂ ಇಲ್ಲ.”

“ಈ ಸಲ ಅಂದ್ರೆ?”

ಅಷ್ಟರಲ್ಲಿ ಒಲೆಯ ಹತ್ತಿರ ಸಾಸೇಜು ಸುಡುತ್ತಾ ಸಿಳ್ಳೆ ಹಾಕುತ್ತಿದ್ದವನ ಸಿಳ್ಳೆ ನಿಂತಿತು. ಎಲ್ಲರೂ ಆ ಕಡೆ ತಿರುಗಿದರು. ರಾದೊವಾನ್ ಕೈಯಲ್ಲಿ ಇಕ್ಕಳ ಹಿಡಿದು, ಕಿವಿಯ ತುದಿಯವರೆಗೆ ಕೆಂಪಾಗಿ ನಿಂತಿದ್ದ.

“ನಾನೇ” ಎಂದ. “ಗುರುವಾರ, ಇವಳು ಪಾಳಿಗೆ ಹೋದಾಗ. ಹೋದ ವಾರ ಎಡಕ್ಕೆ ಹೋಗ್ತಿತ್ತಲ್ಲ, ಸ್ವಲ್ಪ ಬಲಕ್ಕೆ ಅಂತ…”

“ಈ ಕೆಂಪು ಗೆರೆ ಕಾಣ್ಲಿಲ್ವಾ?” ಎಂದಳು ಹೆದ್ವಿಕಾ.

“ಇವಳ ಉಗುರುಬಣ್ಣ ತಾಗಿದೆ ಅಂದ್ಕೊಂಡೆ.”

“ನಾನ್ಯಾವಾಗ ಉಗುರುಬಣ್ಣ ಹಚ್ಕೊಂಡಿದೀನಿ? ಮದುವೆಯಾಗಿ ಮೂವತ್ತು ವರ್ಷ ಆಯ್ತು!” ಎಂದು ಲಿಬುಶೆ ಕೂಗಿದಳು. ಆಮೇಲೆ ದನಿ ಇಳಿಸಿ, “ಗುರುವಾರ ಒಂದೇ ದಿನಾನಾ?” ಎಂದು ಕೇಳಿದಳು.

ಒಂದೇ ದಿನವಲ್ಲ. ಜುಲೈಯಿಂದಲೂ. ಕಾರಿನ ಹಿಂದಿನ ಸೀಟಿನಲ್ಲಿ ಅವಳು ಮಡಚಿಟ್ಟಿದ್ದ ತೂತುಬಿದ್ದ ಗುರಿ ಕಾಗದಗಳನ್ನು ಅವನು ಪ್ರತಿವಾರ ಬಿಚ್ಚಿ ನೋಡುತ್ತಿದ್ದ. ತಾನು ಕೂರಿಸಿದ್ದರಲ್ಲೇ ಏನೋ ಎಡವಟ್ಟಾಗಿದೆಯೆಂದು ಮೊದಲ ವಾರವೇ ಅವನಿಗೆ ಹೊಳೆದಿತ್ತು. ಒಪ್ಪಿಕೊಳ್ಳಲು ನಾಚಿಕೆ. “ನೀನು ಬೇರೆ ‘ನನ್ನ ಕೈಯೇ ಸರಿಯಿಲ್ಲ’ ಅಂತಿದ್ದೆ. ಕೇಳೋಕಾಗ್ತಿರಲಿಲ್ಲ ಕಣೇ. ಅದಕ್ಕೇ ಗೊತ್ತಾಗದಂಗೆ ಸರಿ ಮಾಡ್ತಿದ್ದೆ.”

“ನಾನೂ ಗೊತ್ತಾಗದಂಗೆ ಸರಿ ಮಾಡ್ತಿದ್ದೆ!”

ಮೊದಲು ನಕ್ಕವಳು ಹೆದ್ವಿಕಾ. ಆ ನಗೆಗೆ ಹಳ್ಳದ ಅಂಚಿನ ಹಕ್ಕಿಗಳೆಲ್ಲ ಎದ್ದು ಹಾರಿದವು. “ಎಡಕ್ಕೆ ಹೋದ್ರೆ ಇಬ್ರೂ ಬಲಕ್ಕೆ ತಿರುಗ್ಸಿದ್ರು, ಬಲಕ್ಕೆ ಹೋದ್ರೆ ಇಬ್ರೂ ಎಡಕ್ಕೆ! ಬೇಸಿಗೆಯೆಲ್ಲ ಇದೇನಾ ನಿಮ್ಮ ಸಂಸಾರ?” ಅಂಚೆಯವನು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ. ಲಿಬುಶೆಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ರಾದೊವಾನ್ ನಗಬೇಕೋ ಬೇಡವೋ ಎಂದು ನೋಡಿ ಕೊನೆಗೆ ತಾನೂ ನಕ್ಕ. ಅಷ್ಟರಲ್ಲಿ ಸಾಸೇಜುಗಳು ಕರಕಲಾಗಿದ್ದವು.

ಹೆದ್ವಿಕಾ ಅವನನ್ನು ಸುಮ್ಮನೆ ಬಿಡಲಿಲ್ಲ. ಚುಕ್ಕೆಯನ್ನು ಪೂರ್ತಿ ಬಿಚ್ಚಿ ಅವನ ಮುಂದಿಟ್ಟಳು. “ಕೂರ್ಸು. ಎಣ್ಣೆ ಡಬ್ಬಿ ಮುಟ್ಟಿದ್ರೆ ಇಕ್ಕಳ ನನ್ನ ಕೈಯಲ್ಲಿದೆ.” ರಾದೊವಾನ್ ಹಳೆಯ ಅಂಟು ಕೆರೆದು, ತೊಳೆದು, ಒಣಗಿಸಿ, ಹೊಸ ಅಂಟು ಹಚ್ಚಿ ಬಿಗಿದ. ನಿಜ ಹೇಳಬೇಕೆಂದರೆ, ಹೇಳಿಕೊಟ್ಟ ಮೇಲೆ ಅವನ ಕೈ ಹೆದ್ವಿಕಾಳ ಕೈಗಿಂತ ನಯ. ಗೆರೆಗಳನ್ನಂತೂ ಹಲ್ಲಿನ ಸಂದಿಗೆ ಎಳೆದಷ್ಟು ನಾಜೂಕಾಗಿ ಎಳೆದ. ಅದನ್ನು ಹೆದ್ವಿಕಾಳೇ ಒಪ್ಪಿಕೊಂಡಳು, ಆದರೆ ಮೆಲ್ಲನೆ.

ಜಿಲ್ಲೆಯ ಪಂದ್ಯ ಹೊಸ ದ್ರಾಕ್ಷಾರಸ ಹುಳಿ ಬಂದು ಅಮಲೇರತೊಡಗುವ ವಾರ ನಡೆಯಿತು. ಲಿಬುಶೆ ಓಡಿದಳು, ಬಗ್ಗಿದಳು, ಗೋಡೆಯ ಸಂದಿಯಿಂದ ಹೊಡೆದಳು. ಉಕ್ಕಿನ ತಟ್ಟೆಗಳು ಒಂದರ ಹಿಂದೊಂದು ಮಗುಚಿ ಬಿದ್ದವು. ಚುಕ್ಕೆ ಕೂತಲ್ಲಿಂದ ಕದಲಲಿಲ್ಲ. ಹೆಂಗಸರಲ್ಲಿ ಅವಳಿಗೆ ಎರಡನೆಯ ಸ್ಥಾನ ಬಂತು, ಹೆದ್ವಿಕಾಗೆ ಮೂರನೆಯದು. “ರಿಪೇರಿ ಮಾಡ್ಕೊಟ್ಟು ಸೋತೆನಲ್ಲ, ನನ್ನಂಥ ದಡ್ಡಿ ಇಲ್ಲ” ಎಂದು ಹೆದ್ವಿಕಾ ಇಡೀ ಮೈದಾನಕ್ಕೆ ಕೇಳಿಸುವಂತೆ ಗೊಣಗಿ, ಲಿಬುಶೆಯನ್ನು ಬಾಚಿ ತಬ್ಬಿಕೊಂಡಳು.

ಮನೆಗೆ ಹೋಗುವಾಗ ಕಾರನ್ನು ಲಿಬುಶೆಯೇ ಓಡಿಸಿದಳು, ಏಕೆಂದರೆ ಹೊಸ ರಸವನ್ನು ರಾದೊವಾನ್ ಇಬ್ಬರ ಪಾಲಿನದೂ ಕುಡಿದಿದ್ದ. ದ್ರಾಕ್ಷಿ ತೋಟಗಳ ನಡುವಿನ ರಸ್ತೆಯಲ್ಲಿ ಅವನು ಕಿಟಕಿಯ ಕಡೆ ನೋಡುತ್ತಾ ಅಂದ:

“ನಂಗೂ ಗುರಿಮೊನೆ ಕಾಣ್ತಿಲ್ಲ ಕಣೇ. ವಸಂತದಿಂದ.”

“ಮತ್ತೆ ಹೇಳೋದಲ್ವಾ?”

“ನೀನು ಹೇಳಿದ್ಯಾ?”

ಲಿಬುಶೆ ತಿರುವಿನಲ್ಲಿ ಗೇರ್ ಇಳಿಸಿ, ಅವನ ಮೊಣಕಾಲಿನ ಮೇಲೊಂದು ಏಟು ಕೊಟ್ಟು, ಅವನಿಗೂ ಒಂದು ಚುಕ್ಕೆ ತರಲು ಸೋಮವಾರವೇ ಅಂಗಡಿಗೆ ಹೋಗಿಬರೋಣ ಎಂದಳು.